ನೆಟ್ 62 ಬಂದ ದಿನ ಕಮಿಟಿ ಏನು ಮಾಡಬೇಕು?

ಗಾಲ್ಫ್ ಕ್ಲಬ್‌ನಲ್ಲಿ ತಿಂಗಳ ಮೆಡಲ್ ಸ್ಪರ್ಧೆ ಮುಗಿದು ಬಹುಮಾನ ಕೊಡುವಾಗ ಯಾರದ್ದೋ ಹೆಸರಿನ ಮುಂದೆ ನೆಟ್ 62, ಅಂದರೆ ಹ್ಯಾಂಡಿಕ್ಯಾಪ್ (ಆಟದ ಮಟ್ಟ ನೋಡಿ ಕೊಡುವ ಸ್ಟ್ರೋಕ್‌ಗಳ ರಿಯಾಯಿತಿ) ಕಳೆದ ಮೇಲಿನ ಸ್ಕೋರು 62, ಅಂತ ಓದಿದರೆ ಸಾಕು, ಹಿಂದಿನ ಕುರ್ಚಿಗಳಲ್ಲಿ ಗೊಣಗಾಟ ಶುರು. ಪಾರ್ (ನುರಿತ ಆಟಗಾರರಿಂದ ನಿರೀಕ್ಷಿಸುವ ಸ್ಟ್ರೋಕ್‌ಗಳು) 72ರ ಕೋರ್ಸಿನಲ್ಲಿ ಹತ್ತು ಕಡಿಮೆ! "ಇವರ ಹ್ಯಾಂಡಿಕ್ಯಾಪ್ ಇವತ್ತೇ ಇಳಿಸಿ ಸಾರ್" ಅಂತ ಅಲ್ಲೇ ಒತ್ತಾಯ. ಸಣ್ಣ ಕ್ಲಬ್‌ಗಳಲ್ಲಿ ಕಮಿಟಿಯವರು ಇದಕ್ಕೆ ಮಣಿದು ಗೆದ್ದವರಿಂದ ಎರಡು ಸ್ಟ್ರೋಕ್ ಕಿತ್ತುಕೊಳ್ಳುವುದುಂಟು. ಹ್ಯಾಂಡಿಕ್ಯಾಪ್ ಕಮಿಟಿಯಲ್ಲಿ ಕೆಲಸ ಮಾಡುವ ನನಗೆ ಇದು ಖಂಡಿತ ಒಪ್ಪಿಗೆ ಇಲ್ಲ. ನಿಯತ್ತಿನಿಂದ ಆಡಿ ಒಂದು ದಿನ ಮಿಂಚಿದವರಿಗೆ ಇದರಿಂದ ಪೆಟ್ಟು ಬೀಳುತ್ತದೆ. ಬೇಕೆಂದೇ ಹ್ಯಾಂಡಿಕ್ಯಾಪ್ ಏರಿಸಿಕೊಂಡು ಬಂದವರಿಗೆ ಆ ಎರಡನ್ನು ಮತ್ತೆ ತುಂಬಿಕೊಳ್ಳುವ ದಾರಿ ಗೊತ್ತಿರುತ್ತದೆ.

ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ. ಆಟ ನಮ್ಮಲ್ಲಿ ಅಷ್ಟು ಹಳೆಯದು. ಆದರೆ ಪ್ರಪಂಚಕ್ಕೆಲ್ಲ ಒಂದೇ ಹ್ಯಾಂಡಿಕ್ಯಾಪ್ ಲೆಕ್ಕ ಬಂದಿದ್ದು 2020ರಲ್ಲಿ, ವರ್ಲ್ಡ್ ಹ್ಯಾಂಡಿಕ್ಯಾಪ್ ಸಿಸ್ಟಮ್ ಅನ್ನುವ ಹೆಸರಿನಲ್ಲಿ. ಅದಕ್ಕೂ ಮೊದಲು ಬೇರೆ ಬೇರೆ ದೇಶಗಳಲ್ಲಿ ಆರು ಪದ್ಧತಿಗಳಿದ್ದವು. ಈಗಿನ ಲೆಕ್ಕದಲ್ಲಿ ನಿಮ್ಮ ಕೊನೆಯ 20 ಸ್ಕೋರ್ ಕಾರ್ಡ್ ತೆಗೆದುಕೊಂಡು, ಅದರಲ್ಲಿ ಚೆನ್ನಾಗಿರುವ 8ರ ಸರಾಸರಿ ಹಾಕುತ್ತಾರೆ. ಅದೇ ನಿಮ್ಮ ಇಂಡೆಕ್ಸ್. ಅಂದರೆ ಇಂಡೆಕ್ಸ್ ಹೇಳುವುದು ನೀವು ಚೆನ್ನಾಗಿ ಆಡಿದ ದಿನ ಎಷ್ಟು ಆಡುತ್ತೀರಿ ಅನ್ನುವುದನ್ನು. ಮಾಮೂಲಿ ದಿನದ ಆಟವನ್ನಲ್ಲ. ಅದಕ್ಕೇ ಸ್ಟೇಬಲ್‌ಫರ್ಡ್‌ನಲ್ಲಿ (ಹೋಲಿಗೆ ಇಷ್ಟು ಪಾಯಿಂಟ್ ಅಂತ ಎಣಿಸುವ ಆಟ) ಹ್ಯಾಂಡಿಕ್ಯಾಪ್‌ಗೆ ತಕ್ಕ 36 ಪಾಯಿಂಟ್ ಪ್ರತಿ ವಾರ ಬರುವುದಿಲ್ಲ. ಬರದಿದ್ದರೆ ಹ್ಯಾಂಡಿಕ್ಯಾಪ್ ತಪ್ಪಾಗಿದೆ ಅಂತ ಅರ್ಥವೂ ಅಲ್ಲ.

ಈಗ ಆ ನೆಟ್ 62 ನೋಡೋಣ. ಕೋರ್ಸ್ ರೇಟಿಂಗ್ (ಸೊನ್ನೆ ಹ್ಯಾಂಡಿಕ್ಯಾಪ್‌ನವರಿಂದ ನಿರೀಕ್ಷಿಸುವ ಸ್ಕೋರು) 71.2, ಸ್ಲೋಪ್ (ಉಳಿದವರಿಗೆ ಕೋರ್ಸ್ ಎಷ್ಟು ಹೆಚ್ಚು ಕಷ್ಟ ಅನ್ನುವ ಅಂಕಿ, ಸಾಮಾನ್ಯ ಮಟ್ಟ 113) 128 ಅಂತಿಟ್ಟುಕೊಳ್ಳಿ. ಆಟಗಾರರ ಇಂಡೆಕ್ಸ್ 19.2. ಇದನ್ನು 128ರಿಂದ ಗುಣಿಸಿ 113ರಿಂದ ಭಾಗಿಸಿ, ರೇಟಿಂಗ್ ಪಾರ್‌ಗಿಂತ 0.8 ಕಡಿಮೆ ಇರುವುದರಿಂದ ಅಷ್ಟನ್ನು ಕಳೆದರೆ ಕೋರ್ಸ್ ಹ್ಯಾಂಡಿಕ್ಯಾಪ್ 21. ಸ್ಟ್ರೋಕ್ ಪ್ಲೇ ಸ್ಪರ್ಧೆಗೆ ಅದರ ಶೇ 95, ಅಂದರೆ 20. ಅವರು ಗ್ರಾಸ್ (ರಿಯಾಯಿತಿ ಕಳೆಯುವ ಮೊದಲಿನ ಸ್ಕೋರು) 82 ಹೊಡೆದಿದ್ದಾರೆ, ನೆಟ್ 62. 82ರಲ್ಲಿ 71.2 ಕಳೆದು, 113ರಿಂದ ಗುಣಿಸಿ 128ರಿಂದ ಭಾಗಿಸಿದರೆ ಆ ದಿನದ ಡಿಫರೆನ್ಷಿಯಲ್ (ಕೋರ್ಸಿನ ಕಷ್ಟಕ್ಕೆ ಹೊಂದಿಸಿದ ಸ್ಕೋರು, ಇಂಡೆಕ್ಸ್‌ನ ಸರಾಸರಿಗೆ ಹೋಗುವುದು ಇದೇ) 9.5.

ಇಲ್ಲಿ ಸಿಸ್ಟಮ್ ತಾನೇ ಎರಡು ಕೆಲಸ ಮಾಡುತ್ತದೆ. ಈ 9.5 ಅವರ ಇಂಡೆಕ್ಸ್‌ಗಿಂತ 9.7 ಕಡಿಮೆ. ಅಂತರ 7.0ರಿಂದ 9.9ರ ಒಳಗಿದ್ದರೆ ಎಲ್ಲ 20 ಡಿಫರೆನ್ಷಿಯಲ್‌ಗಳಿಂದಲೂ 1.0 ಕಡಿತವಾಗುತ್ತದೆ. 10.0 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 2.0. ಅದರ ಜೊತೆಗೆ ಚೆನ್ನಾಗಿರುವ ಎಂಟರೊಳಗೆ 9.5 ಸೇರಿಕೊಂಡು, ಅಲ್ಲಿದ್ದ 20.5ರಂಥದ್ದೊಂದು ಹೊರಗೆ ಹೋಗುತ್ತದೆ. ಅದರಿಂದ ಇನ್ನೊಂದು 1.4ರಷ್ಟು ಇಳಿಕೆ. ಮರುದಿನ ಅವರ ಇಂಡೆಕ್ಸ್ ಸುಮಾರು 16.8. ಯಾರೂ ಕೈ ಹಾಕದೆಯೇ ಎರಡಕ್ಕಿಂತ ಜಾಸ್ತಿ ಇಳಿದಾಯಿತು. ಇದರ ಮೇಲೆ ಕಮಿಟಿ ಮತ್ತೆ ಎರಡು ಕಿತ್ತರೆ ಒಂದೇ ಆಟಕ್ಕೆ ಎರಡು ಸಲ ಬರೆ ಎಳೆದ ಹಾಗೆ ಅಲ್ವಾ?

ಶೇ 95ರ ಬಗ್ಗೆಯೂ ಜಗಳ ಇದ್ದೇ ಇದೆ. ಹ್ಯಾಂಡಿಕ್ಯಾಪ್ ಜಾಸ್ತಿ ಇರುವವರ ಸ್ಕೋರು ಏರಿಳಿಯುವುದೂ ಜಾಸ್ತಿ. ಅಂಥವರು ಅರವತ್ತು ಜನ ಒಂದೇ ದಿನ ಆಡಿದರೆ ಯಾರಾದರೊಬ್ಬರಿಗೆ ಆ ದಿನ ಕೈ ಹತ್ತೇ ಹತ್ತುತ್ತದೆ. ಆ ಅನುಕೂಲವನ್ನು ಸ್ವಲ್ಪ ಮಟ್ಟಿಗೆ ತಗ್ಗಿಸುವುದಕ್ಕೆ ಈ ಐದು ಪರ್ಸೆಂಟ್. ನೆಟ್ 62 ಹೊಡೆದವರಿಗೆ ಒಂದು ಸ್ಟ್ರೋಕ್ ಹೋಯಿತು. ಅದೇ ಕೋರ್ಸಿನಲ್ಲಿ ಇಂಡೆಕ್ಸ್ 4.2 ಇರುವವರಿಗೆ ಮೊದಲೂ 4, ಆಮೇಲೂ 4. ಇಬ್ಬರೇ ಎದುರುಬದುರಾಗಿ ಮ್ಯಾಚ್ ಪ್ಲೇ ಆಡುವಾಗ ಪೂರ್ತಿ ನೂರು ಪರ್ಸೆಂಟ್ ಕೊಡಬೇಕು. ಜೋಡಿಯಲ್ಲಿ ಒಳ್ಳೆಯ ಸ್ಕೋರನ್ನು ಎಣಿಸುವ ಫೋರ್‌ಬಾಲ್ ಸ್ಟ್ರೋಕ್ ಪ್ಲೇಗೆ 85, ಫೋರ್‌ಬಾಲ್ ಮ್ಯಾಚ್‌ಗೆ 90. ತಂಡದ ಒಳ್ಳೆಯ ಹೊಡೆತದ ಜಾಗದಿಂದಲೇ ಎಲ್ಲರೂ ಮುಂದೆ ಆಡುವ ನಾಲ್ವರ ಸ್ಕ್ರ್ಯಾಂಬಲ್‌ಗೆ ಕಡಿಮೆ ಹ್ಯಾಂಡಿಕ್ಯಾಪ್‌ನವರಿಂದ ಶುರು ಮಾಡಿ 25, 20, 15, 10. ಕಂಪನಿ ಡೇಗಳಲ್ಲಿ ಸ್ಕ್ರ್ಯಾಂಬಲ್ ಇಟ್ಟು ಮನಸ್ಸಿಗೆ ಬಂದ ಲೆಕ್ಕ ಹಾಕುವುದು ಬಿಟ್ಟರೆ ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ.

ಲೆಕ್ಕ ಸರಿಯಾಗಿಯೇ ಇದೆ. ಹುಳುಕು ಇರುವುದು ಕಾರ್ಡ್‌ಗಳಲ್ಲಿ.

ಕೆಲವರು ಚೆನ್ನಾಗಿ ಆಡಿದ ಭಾನುವಾರದ ಕಾರ್ಡ್ ಹಾಕುವುದೇ ಇಲ್ಲ. ಜೇಬಿನಲ್ಲೇ ಉಳಿಯುತ್ತದೆ. ಕೆಲವರು ಕೊನೆಯ ನಾಲ್ಕು ಹೋಲ್‌ಗಳಲ್ಲಿ ಸುಮ್ನೆ ಹೊಡೆದು ಸ್ಕೋರು ಏರಿಸುತ್ತಾರೆ. ಒಂದೇ ಹೋಲಿನಲ್ಲಿ ಏರಿಸುವುದಕ್ಕೆ ಆಗುವುದಿಲ್ಲ, ಯಾಕೆಂದರೆ ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ನೆಟ್ ಡಬಲ್ ಬೋಗಿಯೇ (ಪಾರ್‌ಗಿಂತ ಎರಡು ಹೆಚ್ಚು, ಜೊತೆಗೆ ಆ ಹೋಲಿನಲ್ಲಿ ನಿಮಗೆ ಸಿಗುವ ಸ್ಟ್ರೋಕ್) ಮಿತಿ. ಪಾರ್ 4, ನಿಮಗೆ ಅಲ್ಲಿ ಒಂದು ಸ್ಟ್ರೋಕ್ ಸಿಗುತ್ತದೆ ಅಂದರೆ, ಹತ್ತು ಹೊಡೆದರೂ ಲೆಕ್ಕಕ್ಕೆ 7 ಮಾತ್ರ.

ಇದಕ್ಕೆ ಉಲ್ಟಾ ಇರುವವರೂ ಇದ್ದಾರೆ. ನನ್ನ ಅನುಭವದಲ್ಲಿ ಅವರ ಸಂಖ್ಯೆಯೇ ಜಾಸ್ತಿ. ಮೂರಡಿ ಪಟ್ ಬಂದರೆ "ಎತ್ಕೊಳ್ಳಿ ಸಾರ್" ಅನ್ನುವ ಗೆಳೆಯರ ಜೊತೆ ಆಡಿ, ಎತ್ತಿಕೊಂಡದ್ದನ್ನೆಲ್ಲ ಹಾಕಿದ ಹಾಗೆ ಬರೆದು, ಇಂಡೆಕ್ಸ್ 9 ಮಾಡಿಕೊಳ್ಳುತ್ತಾರೆ. ನಿಜವಾದ ಆಟ 13ರದ್ದು. ಸ್ಪರ್ಧೆಯ ದಿನ ಪ್ರತಿ ಪಟ್ ಹೋಲಿಗೆ ಬೀಳಿಸಲೇಬೇಕು. ಪ್ರತಿ ತಿಂಗಳೂ ಸೋಲುತ್ತಾರೆ. ಗೆದ್ದವರು ಮೋಸ ಮಾಡಿದ್ದಾರೆ ಅಂತ ಮೊದಲು ದೂರು ಬರೆದುಕೊಡುವವರೂ ಇವರೇ. ದೂರು ಬಂದಾಗ ನಾನು ಗೆದ್ದವರ ರೆಕಾರ್ಡ್ ಜೊತೆಗೆ ದೂರು ಕೊಟ್ಟವರದ್ದನ್ನೂ ತೆಗೆದು ನೋಡುತ್ತೇನೆ. ಇಬ್ಬರಿಗೂ ಅದರಿಂದ ಒಳ್ಳೆಯದೇ.

ರೆಕಾರ್ಡಿನಲ್ಲಿ ಏನು ನೋಡಬೇಕು? ಒಂದು ಉದಾಹರಣೆ ಹೇಳುತ್ತೇನೆ. 20 ಕಾರ್ಡ್‌ಗಳಲ್ಲಿ ಐದು ಸ್ಪರ್ಧೆಯವು, ಐದರ ಡಿಫರೆನ್ಷಿಯಲ್ಲೂ 13ರಿಂದ 16ರ ನಡುವೆ. ಉಳಿದ ಹದಿನೈದು ಗೆಳೆಯರ ಜೊತೆ ಆಡಿದ್ದು, ಒಂದೂ 21ಕ್ಕಿಂತ ಕೆಳಗಿಲ್ಲ. ಎಂಟರ ಸರಾಸರಿಗೆ ಆ ಐದು, ಈ ಹದಿನೈದರಲ್ಲಿ ಮೂರು ಸೇರಿ ಇಂಡೆಕ್ಸ್ 17ರ ಆಸುಪಾಸು ಬರುತ್ತದೆ. 17 ಮತ್ತು 20ರ ನಡುವಿನ ಒಂದು ಕಾರ್ಡೂ ಇಲ್ಲ. ಬಹುಮಾನದ ಒತ್ತಡ ಇರುವ ದಿನವೇ ಪ್ರತಿ ಸಲ ಚೆನ್ನಾಗಿ ಆಡುವುದು ಅಪರೂಪ. ಆದರೂ ಮೊದಲೇ ತಪ್ಪು ಹೊರಿಸಬಾರದು. ಆ ಹದಿನೈದು ರೌಂಡ್ ಸಂಜೆ ಕತ್ತಲಾಗುವಾಗ ಆಡಿದ್ದಿರಬಹುದು, ಹೊಸ ಸ್ವಿಂಗ್ ಕಲಿಯುತ್ತಿರಬಹುದು. ಮಾರ್ಕರ್ (ಸ್ಕೋರು ಬರೆದುಕೊಂಡವರು) ಯಾರು, ಎಷ್ಟು ಹೋಲ್ ಆಡಿದ್ದಾರೆ, ಹೋಲ್ ಹೋಲಿನ ಸ್ಕೋರು ಹೇಗಿದೆ ನೋಡಿ. ಆಮೇಲೆ ಅವರನ್ನು ಕೂರಿಸಿಕೊಂಡು ಕೇಳಿ. ಉತ್ತರ ಸಮಾಧಾನ ತರದಿದ್ದರೆ ರಿವ್ಯೂ ಮಾಡಿ ಇಂಡೆಕ್ಸ್ ಇಳಿಸುವ ಅಧಿಕಾರ ಕಮಿಟಿಗೆ ಇದೆ. ಇಳಿಸಿದರೆ ಕನಿಷ್ಠ 1.0 ಇಳಿಸಬೇಕು, ಅವರಿಗೆ ತಿಳಿಸಿ, ಅವರ ಮಾತು ಕೇಳಿಯೇ ಇಳಿಸಬೇಕು. ಕಾರ್ಡ್ ಕೊಡದೆ ತಪ್ಪಿಸಿಕೊಂಡವರಿಗೆ ಪೆನಾಲ್ಟಿ ಸ್ಕೋರ್ ಹಾಕುವುದಕ್ಕೂ ಅವಕಾಶ ಇದೆ.

ರಿವ್ಯೂ ಅಂದರೆ ಇಳಿಸುವುದು ಮಾತ್ರವಲ್ಲ. ಇದನ್ನು ಬಹಳ ಕ್ಲಬ್‌ಗಳು ಮರೆಯುತ್ತವೆ, ನನಗೆ ಬೇಸರ ಆಗುವುದೂ ಇಲ್ಲಿಯೇ. ಮಂಡಿ ಆಪರೇಷನ್ ಮಾಡಿಸಿಕೊಂಡು ಬಂದ ಹಿರಿಯ ಸದಸ್ಯರೊಬ್ಬರ ವರ್ಷದ ಕನಿಷ್ಠ ಇಂಡೆಕ್ಸ್ 12.0 ಅಂತಿಟ್ಟುಕೊಳ್ಳಿ. ಸಿಸ್ಟಮ್ 15.0 ದಾಟಿದ ಮೇಲೆ ಏರಿಕೆಯ ಅರ್ಧ ಮಾತ್ರ ಕೊಡುತ್ತದೆ, 17.0ಕ್ಕೆ ಪೂರ್ತಿ ನಿಲ್ಲಿಸುತ್ತದೆ. ಬೇಕೆಂದೇ ಏರಿಸಿಕೊಳ್ಳುವವರನ್ನು ತಡೆಯುವುದಕ್ಕೆ ಇರುವ ಬೇಲಿ ಇದು. ನೋವಿನಿಂದ 23 ಆಡುತ್ತಿರುವ ಆ ಹಿರಿಯರಿಗೂ ಅದೇ ಬೇಲಿ ಅಡ್ಡ. ಕಮಿಟಿ ಕಣ್ಣು ಬಿಟ್ಟು ನೋಡಿ ಅದನ್ನು ಸಡಿಲಿಸಬಹುದು. ಅವರು ಬಂದು ಕೇಳುವ ತನಕ ಕಾಯಬಾರದು.

ಮಳೆಗಾಲದ ಕಾರ್ಡ್‌ಗಳ ಬಗ್ಗೆಯೂ ಒಂದು ಮಾತು. ಜುಲೈನಲ್ಲಿ ಫೇರ್‌ವೇ ನೆನೆದು ಚೆಂಡು ಬಿದ್ದಲ್ಲೇ ಕೂರುವಾಗ ಎಲ್ಲರ ಸ್ಕೋರೂ ಏರುತ್ತದೆ. ಅದನ್ನು ಸರಿದೂಗಿಸಲು ಆ ದಿನದ ಹೊಂದಾಣಿಕೆ ಅಂತ ಒಂದಿದೆ, ಮೈನಸ್ 1ರಿಂದ ಪ್ಲಸ್ 3ರವರೆಗೆ. ಆದರೆ ಇಂಡೆಕ್ಸ್ 36.0 ಅಥವಾ ಅದಕ್ಕಿಂತ ಕಡಿಮೆ ಇರುವವರ ಎಂಟು ಕಾರ್ಡಾದರೂ ಆ ದಿನವೇ ಬಂದಿರಬೇಕು. ನಾಲ್ಕು ದಿನ ಬಿಟ್ಟು ಹಾಕಿದರೆ ಆ ಎಂಟರ ಲೆಕ್ಕಕ್ಕೆ ನಿಮ್ಮ ಕಾರ್ಡ್ ಸಿಗುವುದಿಲ್ಲ.

ಹೊಸಬರ ವಿಷಯ ಬೇರೆ. 54 ಹೋಲ್ ಆಡಿದರೆ ಇಂಡೆಕ್ಸ್ ಸಿಗುತ್ತದೆ. ಮೂರೇ ಕಾರ್ಡ್ ಇದ್ದರೆ ಅತ್ಯುತ್ತಮವಾದದ್ದರಿಂದ 2.0 ಕಳೆದು ಕೊಡುತ್ತಾರೆ. ಆದರೂ ಅದು ಇನ್ನೂ ನೆಲೆ ನಿಂತ ಅಂಕಿ ಅಲ್ಲ. ಅವರಿಗೆ ಮೆಡಲ್ ಆಡಲು ಬಿಡಿ, ಕಾರ್ಡ್ ತೆಗೆದುಕೊಳ್ಳಿ. ದೊಡ್ಡ ಟ್ರೋಫಿಗೆ ಮಾತ್ರ ಹಿಂದಿನ ಹನ್ನೆರಡು ತಿಂಗಳಲ್ಲಿ ಇಷ್ಟು ಕಾರ್ಡ್ ಇರಬೇಕು ಅಂತ ಷರತ್ತು ಇಡಿ. ಸ್ಪರ್ಧೆಯ ನಿಯಮದಲ್ಲಿ ಇದಕ್ಕೆ ಜಾಗ ಇದೆ. ಎಂಟ್ರಿ ತೆರೆಯುವ ಮೊದಲೇ ನೋಟಿಸ್ ಬೋರ್ಡಿಗೆ ಹಾಕಿ. ಯಾವ ಟೀ (ಹೋಲಿನ ಮೊದಲ ಹೊಡೆತ ಹೊಡೆಯುವ ಜಾಗ), ಎಷ್ಟು ಪರ್ಸೆಂಟ್, ಟೈ ಆದರೆ ಹೇಗೆ, ಇಂಡೆಕ್ಸ್ ಯಾವ ದಿನದ್ದು ಅನ್ನುವುದೂ ಅದೇ ಹಾಳೆಯಲ್ಲಿ ಇರಲಿ.