ಥ್ಯಾಚರ್‌ವಾದ: ಸಡಿಲ ಮಾರುಕಟ್ಟೆ, ಬಿಗಿ ಪ್ರಭುತ್ವ

ಗಾಂಧಿವಾದ, ಮಾರ್ಕ್ಸ್‌ವಾದ, ಲೋಹಿಯಾವಾದ ಎಂದಾಗ ಆ ಹೆಸರುಗಳ ಹಿಂದೆ ಒಂದು ಸಿದ್ಧಾಂತವಿದೆ, ಅದನ್ನು ಪ್ರತಿಪಾದಿಸುವ ಬರಹಗಳ ರಾಶಿಯಿದೆ ಎಂದು ಕನ್ನಡ ಓದುಗರು ಸಹಜವಾಗಿ ಭಾವಿಸುತ್ತಾರೆ. ಥ್ಯಾಚರ್‌ವಾದ ಎಂಬ ಪದ ಹುಟ್ಟಿದ ರೀತಿ ಬೇರೆ. ಮಾರ್ಗರೆಟ್ ಥ್ಯಾಚರ್ ಮೊದಲು ಸಿದ್ಧಾಂತವನ್ನು ಬರೆದಿಟ್ಟು ಆಮೇಲೆ ಆಳಿದವರಲ್ಲ. 1979ರ ಮೇ 4ರಿಂದ 1990ರ ನವೆಂಬರ್ 28ರವರೆಗೆ ಬ್ರಿಟನ್ನಿನ ಪ್ರಧಾನಿಯಾಗಿ ಅವರು ಕೈಗೊಂಡ ತೀರ್ಮಾನಗಳನ್ನೂ ಆಡಿದ ಮಾತುಗಳನ್ನೂ ಒಟ್ಟಾಗಿ ನೋಡಿದವರು ಅವಕ್ಕೆ ಕೊಟ್ಟ ಹೆಸರಿದು. ಹೆಸರಿಗೆ ಚಲಾವಣೆ ತಂದುಕೊಟ್ಟವರಲ್ಲಿ ಅವರ ವಿರೋಧಿಗಳೇ ಮುಂದಿದ್ದರು ಎಂಬುದು ಸ್ವಾರಸ್ಯದ ಸಂಗತಿ. ಥ್ಯಾಚರ್ ಇನ್ನೂ ವಿರೋಧ ಪಕ್ಷವಾಗಿದ್ದ ಕನ್ಸರ್ವೇಟಿವ್ ಪಕ್ಷದ ನಾಯಕಿಯಾಗಿದ್ದಾಗಲೇ, 1979ರ ಜನವರಿಯಲ್ಲಿ, ಜಮೈಕಾದಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ನೆಲೆಸಿದ್ದ ಎಡಪಂಥೀಯ ಚಿಂತಕ ಸ್ಟುವರ್ಟ್ ಹಾಲ್ ಅವರು 'ಮಾರ್ಕ್ಸಿಸಂ ಟುಡೇ' ಪತ್ರಿಕೆಯ ಲೇಖನವೊಂದರಲ್ಲಿ, ಇದು ಮತ್ತೊಂದು ಪಕ್ಷ ಅಧಿಕಾರಕ್ಕೆ ಬರುವಷ್ಟು ಸಣ್ಣ ಬದಲಾವಣೆಯಲ್ಲ ಎಂದು ಎಚ್ಚರಿಸಿದ್ದರು.

ನಮ್ಮ ಪತ್ರಿಕೆಗಳಲ್ಲಿ ಈ ಪದ ಬಂದಾಗ ಅದನ್ನು ಸಾಮಾನ್ಯವಾಗಿ ಖಾಸಗೀಕರಣಕ್ಕೆ ಇನ್ನೊಂದು ಹೆಸರೆಂದೋ, ಸರ್ಕಾರ ಎಲ್ಲದರಿಂದಲೂ ಹಿಂದೆ ಸರಿಯಬೇಕೆನ್ನುವ ನಿಲುವೆಂದೋ ಅರ್ಥ ಮಾಡಿಕೊಳ್ಳಲಾಗುತ್ತದೆ. ಈ ಅರ್ಥ ತಪ್ಪಲ್ಲ, ಆದರೆ ಅರ್ಧ ಮಾತ್ರ. ರಾಜ್ಯಶಾಸ್ತ್ರಜ್ಞ ಆಂಡ್ರ್ಯೂ ಗ್ಯಾಂಬಲ್ ಅವರು ಮುಕ್ತ ಅರ್ಥವ್ಯವಸ್ಥೆ ಮತ್ತು ಬಲಿಷ್ಠ ಪ್ರಭುತ್ವ ಎಂಬ ಜೋಡಿಯಾಗಿ ಇದನ್ನು ವಿವರಿಸಿದರು. ನನಗೆ ತಿಳಿದಂತೆ ಇದಕ್ಕಿಂತ ನಿಖರವಾದ ವಿವರಣೆ ಇನ್ನೊಂದಿಲ್ಲ. ಮಾರುಕಟ್ಟೆಯ ಮೇಲಿನ ಹಿಡಿತವನ್ನು ಸಡಿಲಿಸಬೇಕಾದರೆ ಅದಕ್ಕೆ ಅಡ್ಡ ಬರುವ ಸಂಘಟನೆಗಳ ಮೇಲಿನ ಹಿಡಿತವನ್ನು ಬಿಗಿಗೊಳಿಸಬೇಕು ಎಂಬ ನಂಬಿಕೆ ಅದರ ತಿರುಳು.

ಹಿನ್ನೆಲೆಯನ್ನು ಸ್ವಲ್ಪ ನೋಡಬೇಕು. ಎರಡನೆಯ ಮಹಾಯುದ್ಧದ ನಂತರ, 1945ರಲ್ಲಿ ಬಂದ ಆಟ್ಲಿ ಅವರ ಲೇಬರ್ ಸರ್ಕಾರ ಕಲ್ಲಿದ್ದಲು, ರೈಲು ಮೊದಲಾದ ಉದ್ಯಮಗಳನ್ನು ರಾಷ್ಟ್ರೀಕರಣಗೊಳಿಸಿತು. 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿತು. ಮುಂದೆ ಬಂದ ಕನ್ಸರ್ವೇಟಿವ್ ಸರ್ಕಾರಗಳೂ ಈ ವ್ಯವಸ್ಥೆಯನ್ನು ಬಹುಮಟ್ಟಿಗೆ ಒಪ್ಪಿಕೊಂಡೇ ನಡೆದವು. 1970ರ ದಶಕದಲ್ಲಿ ಈ ಒಪ್ಪಂದ ಬಿರುಕು ಬಿಟ್ಟಿತು: 1975ರಲ್ಲಿ ಹಣದುಬ್ಬರ ಶೇಕಡಾ 25ನ್ನು ದಾಟಿತು, 1976ರಲ್ಲಿ ಸರ್ಕಾರ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಸಾಲಕ್ಕೆ ಕೈಯೊಡ್ಡಿತು, 1978–79ರ ಚಳಿಗಾಲದಲ್ಲಿ ಸಾಲುಸಾಲು ಮುಷ್ಕರಗಳಿಂದ ಬೀದಿಗಳಲ್ಲಿ ಕಸ ರಾಶಿ ಬಿತ್ತು. ಗ್ರ್ಯಾಂಥಮ್ ಎಂಬ ಸಣ್ಣ ಊರಿನ ದಿನಸಿ ವ್ಯಾಪಾರಿಯ ಮಗಳಾದ ಥ್ಯಾಚರ್, ಆದಾಯಕ್ಕೆ ತಕ್ಕಂತೆ ಖರ್ಚು ಮಾಡಬೇಕೆಂಬ ಮನೆವಾರ್ತೆಯ ಪಾಠವನ್ನು ದೇಶದ ಲೆಕ್ಕಕ್ಕೂ ಅನ್ವಯಿಸಿ ಮಾತನಾಡುತ್ತಿದ್ದರು. ಅರ್ಥಶಾಸ್ತ್ರಜ್ಞರು ಈ ಹೋಲಿಕೆಯನ್ನು ಎಷ್ಟೇ ಹಳಿದರೂ ಮತದಾರರಿಗೆ ಅದು ತಟ್ಟನೆ ಅರ್ಥವಾಗುತ್ತಿತ್ತು.

ಅವರ ಆರ್ಥಿಕ ನೀತಿಯಲ್ಲಿ ಮೊದಲು ಬಂದದ್ದು ಖಾಸಗೀಕರಣವಲ್ಲ, ಹಣದುಬ್ಬರದ ನಿಗ್ರಹ. ಚಲಾವಣೆಯಲ್ಲಿರುವ ಹಣದ ಪ್ರಮಾಣವನ್ನು ಹಿಡಿತದಲ್ಲಿಟ್ಟರೆ ಬೆಲೆಗಳೂ ಹಿಡಿತಕ್ಕೆ ಬರುತ್ತವೆ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಅವರ ವಾದವನ್ನು ಸರ್ಕಾರ ಅನುಸರಿಸಿತು. 1979ರ ಮೊದಲ ಬಜೆಟ್ಟಿನಲ್ಲೇ ಹಣಕಾಸು ಸಚಿವ ಜೆಫ್ರಿ ಹೌ ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇಕಡಾ 83ರಿಂದ 60ಕ್ಕೆ ಇಳಿಸಿದರು. ಅದರ ಜೊತೆಗೇ ಮೌಲ್ಯವರ್ಧಿತ ತೆರಿಗೆಯನ್ನು ಶೇಕಡಾ 15ಕ್ಕೆ ಏರಿಸಿದರು. ಗಳಿಕೆಯ ಮೇಲಿದ್ದ ಹೊರೆಯನ್ನು ಕೊಳ್ಳುವಿಕೆಯ ಮೇಲೆ ಹೊರಿಸುವ ಈ ಬದಲಾವಣೆ ಬಡವರಿಗೆ ಹೆಚ್ಚು ತಟ್ಟಿತು. 1981ರಲ್ಲಿ ಆರ್ಥಿಕ ಹಿಂಜರಿತದ ನಡುವೆಯೇ ತೆರಿಗೆಗಳನ್ನು ಹೆಚ್ಚಿಸಿದಾಗ 364 ಮಂದಿ ಅರ್ಥಶಾಸ್ತ್ರಜ್ಞರು ಬಹಿರಂಗ ಪತ್ರ ಬರೆದು ಪ್ರತಿಭಟಿಸಿದರು. ಹಣದುಬ್ಬರ 1983ರ ಹೊತ್ತಿಗೆ ಶೇಕಡಾ 5ರ ಆಸುಪಾಸಿಗೆ ಇಳಿಯಿತು, ನಿಜ. ಆದರೆ ಅದಕ್ಕೂ ಮುನ್ನ, 1982ರಲ್ಲೇ, ನಿರುದ್ಯೋಗಿಗಳ ಸಂಖ್ಯೆ 30 ಲಕ್ಷವನ್ನು ದಾಟಿತ್ತು. ಉತ್ತರ ಇಂಗ್ಲೆಂಡ್, ವೇಲ್ಸ್ ಮತ್ತು ಸ್ಕಾಟ್ಲೆಂಡಿನ ಕೈಗಾರಿಕಾ ಊರುಗಳಲ್ಲಿ ಥ್ಯಾಚರ್ ಹೆಸರು ಇಂದಿಗೂ ಸಿಟ್ಟು ತರಿಸುವುದಕ್ಕೆ ಕಾರಣ ಈ ವರ್ಷಗಳಲ್ಲಿದೆ. ಇಷ್ಟೆಲ್ಲ ಆದಮೇಲೂ 1990ರಲ್ಲಿ ಅವರು ಹುದ್ದೆ ಬಿಡುವಾಗ ಹಣದುಬ್ಬರ ಮತ್ತೆ ಶೇಕಡಾ 10ರ ಸಮೀಪಕ್ಕೆ ಬಂದಿತ್ತು.

ಖಾಸಗೀಕರಣ ವೇಗ ಪಡೆದದ್ದು ಎರಡನೆಯ ಅವಧಿಯಲ್ಲಿ. 1984ರ ನವೆಂಬರಿನಲ್ಲಿ ದೂರವಾಣಿ ಸಂಸ್ಥೆ ಬ್ರಿಟಿಷ್ ಟೆಲಿಕಾಂನ ಅರ್ಧಕ್ಕಿಂತ ತುಸು ಹೆಚ್ಚು ಪಾಲನ್ನು ಮಾರಿದಾಗ 20 ಲಕ್ಷಕ್ಕೂ ಹೆಚ್ಚು ಜನ ಅದರ ಷೇರು ಕೊಂಡರು. 1986ರಲ್ಲಿ ಅನಿಲ, 1987ರಲ್ಲಿ ಬ್ರಿಟಿಷ್ ಏರ್‌ವೇಸ್, 1988ರಲ್ಲಿ ಉಕ್ಕು, 1989ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ನೀರು ಸರಬರಾಜು ಇದೇ ದಾರಿ ಹಿಡಿದವು. ರೈಲನ್ನೂ ಅವರೇ ಮಾರಿದರು ಎಂದು ಬರೆಯುವವರಿದ್ದಾರೆ. ಅದು ತಪ್ಪು, ರೈಲಿನ ಖಾಸಗೀಕರಣ ನಡೆದದ್ದು ಅವರ ನಂತರ ಬಂದ ಜಾನ್ ಮೇಜರ್ ಕಾಲದಲ್ಲಿ. ಆರೋಗ್ಯ ಸೇವೆಯೂ ಸರ್ಕಾರದ ಬಳಿಯೇ ಉಳಿಯಿತು. ಸಾಮಾನ್ಯ ಜನರ ಬದುಕನ್ನು ಇವೆಲ್ಲಕ್ಕಿಂತ ಹೆಚ್ಚು ತಟ್ಟಿದ್ದು 1980ರ ವಸತಿ ಕಾಯ್ದೆ. ಸ್ಥಳೀಯ ಆಡಳಿತದ ಮನೆಗಳಲ್ಲಿ ಬಾಡಿಗೆಗಿದ್ದವರಿಗೆ ಆ ಮನೆಯನ್ನು ಭಾರಿ ರಿಯಾಯಿತಿಯಲ್ಲಿ ಕೊಳ್ಳುವ ಹಕ್ಕನ್ನು ಅದು ಕೊಟ್ಟಿತು. ಅವರ ಆಡಳಿತದ ಕೊನೆಯ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಮನೆಗಳು ಹೀಗೆ ಕೈ ಬದಲಾಯಿಸಿದ್ದವು. ದುಡಿಯುವ ವರ್ಗದ ಅನೇಕ ಕುಟುಂಬಗಳು ಮೊದಲ ಬಾರಿಗೆ ಸ್ವಂತ ಮನೆ ಕಂಡವು. ಆದರೆ ಮಾರಿ ಬಂದ ಹಣದಲ್ಲಿ ಹೊಸ ಮನೆಗಳನ್ನು ಕಟ್ಟಲು ಸ್ಥಳೀಯ ಆಡಳಿತಗಳಿಗೆ ಪೂರ್ಣ ಸ್ವಾತಂತ್ರ್ಯವಿರಲಿಲ್ಲವಾದ್ದರಿಂದ ಮುಂದಿನ ತಲೆಮಾರಿಗೆ ಅಗ್ಗದ ಬಾಡಿಗೆ ಮನೆಗಳ ಕೊರತೆಯೂ ಇದರಿಂದಲೇ ಬಂತು.

ಬಿಗಿ ಪ್ರಭುತ್ವದ ಮುಖ ಕಾಣಬೇಕಾದರೆ ಕಲ್ಲಿದ್ದಲು ಗಣಿಗಳ ಕಡೆ ತಿರುಗಬೇಕು. ಎಂದೂ ಹಿಂದೆ ಸರಿಯದವರೆಂಬ ಖ್ಯಾತಿಯ ಥ್ಯಾಚರ್, 1981ರಲ್ಲಿ ಗಣಿ ಕಾರ್ಮಿಕರು ಮುಷ್ಕರದ ಬೆದರಿಕೆ ಹಾಕಿದಾಗ ಗಣಿ ಮುಚ್ಚುವ ಯೋಜನೆಯನ್ನು ಸದ್ದಿಲ್ಲದೆ ಕೈಬಿಟ್ಟಿದ್ದರು. ಆಮೇಲೆ ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲು ಸಂಗ್ರಹಿಸಲಾಯಿತು, ಮುಷ್ಕರಗಳನ್ನು ಕಟ್ಟುಪಾಡಿಗೆ ಒಳಪಡಿಸುವ ಕಾಯ್ದೆಗಳು ಒಂದರ ಹಿಂದೆ ಒಂದು ಬಂದವು. 1984ರ ಮಾರ್ಚಿನಲ್ಲಿ ಆರ್ಥರ್ ಸ್ಕಾರ್ಗಿಲ್ ನಾಯಕತ್ವದ ಸಂಘ ಮುಷ್ಕರಕ್ಕಿಳಿದಾಗ ಸರ್ಕಾರ ಸಿದ್ಧವಾಗಿತ್ತು. ರಾಷ್ಟ್ರವ್ಯಾಪಿ ಮತದಾನ ನಡೆಸದೆ ಹೊರಟ ಸಂಘ ಒಳಗೇ ಒಡೆಯಿತು, ಬೇರೆ ಜಿಲ್ಲೆಗಳ ಪೊಲೀಸರನ್ನು ಗಣಿ ಪ್ರದೇಶಗಳಿಗೆ ಕರೆತರಲಾಯಿತು. ವರ್ಷದ ನಂತರ ಕಾರ್ಮಿಕರು ಯಾವ ಒಪ್ಪಂದವೂ ಇಲ್ಲದೆ ಕೆಲಸಕ್ಕೆ ಮರಳಿದರು. ಇದೇ ಕೈ ಸ್ಥಳೀಯ ಆಡಳಿತಗಳ ಮೇಲೂ ಬಿತ್ತು: ತೆರಿಗೆ ವಿಧಿಸುವ ಅವುಗಳ ಅಧಿಕಾರಕ್ಕೆ ಮಿತಿ ಹೇರಿ, 1986ರಲ್ಲಿ ಮಹಾ ಲಂಡನ್ನಿನ ಚುನಾಯಿತ ಮಂಡಳಿಯನ್ನೇ ರದ್ದುಪಡಿಸಲಾಯಿತು. ಸರ್ಕಾರ ಚಿಕ್ಕದಾಗಬೇಕು ಎಂದವರು ಕೇಂದ್ರದಲ್ಲಿ ಇಷ್ಟೊಂದು ಅಧಿಕಾರವನ್ನು ಕಲೆಹಾಕಿದ್ದನ್ನು ಕೇವಲ ವಿರೋಧಾಭಾಸವೆಂದು ತಳ್ಳಿಹಾಕುವಂತಿಲ್ಲ. ಈ ಪದದ ಅರ್ಥವೇ ಅಲ್ಲಿದೆ. ಹಣದುಬ್ಬರವನ್ನು ಕಳೆದು ನೋಡಿದರೂ ಸರ್ಕಾರದ ಒಟ್ಟು ವೆಚ್ಚ 1990ರಲ್ಲಿ 1979ಕ್ಕಿಂತ ಹೆಚ್ಚೇ ಇತ್ತು.

ಆ ಬಿಗಿತವೇ ಕೊನೆಗೆ ಮುಳುವಾಯಿತು. ಆಸ್ತಿಯ ಮೌಲ್ಯಕ್ಕೆ ತಕ್ಕಂತೆ ಇದ್ದ ಸ್ಥಳೀಯ ತೆರಿಗೆಯನ್ನು ತೆಗೆದು ವಯಸ್ಕರಿಗೆಲ್ಲ ತಲೆಗಿಷ್ಟು ಎಂದು ವಿಧಿಸಿದ ತೆರಿಗೆಯನ್ನು, ಅಂದರೆ ತಲೆಗಂದಾಯವನ್ನು, 1989ರಲ್ಲಿ ಸ್ಕಾಟ್ಲೆಂಡಿನಲ್ಲೂ ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲೂ ಜಾರಿಗೆ ತರಲಾಯಿತು. 1990ರ ಮಾರ್ಚ್ 31ರಂದು ಲಂಡನ್ನಿನಲ್ಲಿ ಪ್ರತಿಭಟನೆ ಗಲಭೆಗೆ ತಿರುಗಿತು.

ಥ್ಯಾಚರ್‌ವಾದದ ಸಾರವೆಂದು ಎಲ್ಲೆಡೆ ಉದ್ಧರಿಸುವ ಮಾತೊಂದಿದೆ: ಸಮಾಜ ಎಂಬುದೊಂದು ಇಲ್ಲ ಎಂದು 1987ರಲ್ಲಿ ಮಹಿಳಾ ಪತ್ರಿಕೆಯೊಂದರ ಸಂದರ್ಶನದಲ್ಲಿ ಅವರು ಹೇಳಿದ್ದು. ಇರುವುದು ಗಂಡಸರು, ಹೆಂಗಸರು, ಕುಟುಂಬಗಳು. ಮೊದಲು ನಮ್ಮನ್ನು ನಾವು ನೋಡಿಕೊಂಡು, ನಂತರ ನೆರೆಯವರನ್ನು ನೋಡಿಕೊಳ್ಳುವುದು ನಮ್ಮ ಕರ್ತವ್ಯ ಎಂಬ ಅರ್ಥದಲ್ಲಿ ಆ ಮಾತು ಮುಂದುವರಿದಿತ್ತು. ಮೆಥಡಿಸ್ಟ್ ಮನೆಯಲ್ಲಿ ಬೆಳೆದ ಅವರು ನೈತಿಕ ಹೊಣೆಯನ್ನು ಅಲ್ಲಗಳೆಯಲಿಲ್ಲ, ಅದನ್ನು ಸರ್ಕಾರದಿಂದ ಕುಟುಂಬಕ್ಕೆ ವರ್ಗಾಯಿಸಿದರು. ಆದರೆ ಗಣಿ ಮುಚ್ಚಿದ ಊರಿನಲ್ಲಿ ನೆರೆಯವನೂ ನಿರುದ್ಯೋಗಿಯೇ ಆಗಿರುವಾಗ ಯಾರನ್ನು ಯಾರು ನೋಡಿಕೊಳ್ಳಬೇಕು ಎಂಬುದಕ್ಕೆ ಆ ಸಂದರ್ಶನದಲ್ಲಿ ಉತ್ತರ ಸಿಗುವುದಿಲ್ಲ.

ವಿದೇಶಾಂಗ ನೀತಿಯಲ್ಲಿ ಈ ಪದ ಮೊದಲು ನೆನಪಿಸುವುದು ಫಾಕ್‌ಲ್ಯಾಂಡ್ಸ್ ಯುದ್ಧವನ್ನು. 1982ರ ಏಪ್ರಿಲ್ 2ರಂದು ಅರ್ಜೆಂಟೀನಾ ಬ್ರಿಟನ್ನಿನ ಆಳ್ವಿಕೆಯಲ್ಲಿದ್ದ ಆ ದ್ವೀಪಗಳನ್ನು ಆಕ್ರಮಿಸಿಕೊಂಡಿತು. ಥ್ಯಾಚರ್ ನೌಕಾಪಡೆ ಕಳುಹಿಸಿದರು. ಜೂನ್ 14ರಂದು ಅರ್ಜೆಂಟೀನಾದ ಸೇನೆ ಶರಣಾಯಿತು. 255 ಬ್ರಿಟಿಷ್ ಯೋಧರೂ 649 ಅರ್ಜೆಂಟೀನಾ ಯೋಧರೂ ಸತ್ತರು. ಸೋವಿಯತ್ ಒಕ್ಕೂಟದ ವಿಷಯದಲ್ಲಿ ಅವರದು ಕಠಿಣ ನಿಲುವು. 'ಉಕ್ಕಿನ ಮಹಿಳೆ' ಎಂಬ ಹೆಸರನ್ನು 1976ರಲ್ಲಿ ಸೋವಿಯತ್ ಸೇನೆಯ ಪತ್ರಿಕೆಯೇ ಮೂದಲಿಕೆಯಾಗಿ ಬಳಸಿತ್ತು, ಅದನ್ನು ಅವರು ಬಿರುದಿನಂತೆ ಧರಿಸಿದರು. ಹಾಗಿದ್ದರೂ ಗೋರ್ಬಚೆವ್ ಅಧಿಕಾರಕ್ಕೆ ಬರುವ ಮುನ್ನವೇ, 1984ರ ಡಿಸೆಂಬರಿನಲ್ಲಿ, ಈತನೊಡನೆ ವ್ಯವಹರಿಸಬಹುದು ಎಂದು ಗುರುತಿಸಿದವರೂ ಅವರೇ.

ಯುರೋಪಿನ ಪ್ರಶ್ನೆ ಇನ್ನಷ್ಟು ತೊಡಕಿನದು. 1975ರ ಜನಮತಗಣನೆಯಲ್ಲಿ ಯುರೋಪಿಯನ್ ಸಮುದಾಯದಲ್ಲಿ ಉಳಿಯುವ ಪರವಾಗಿ ಪ್ರಚಾರ ಮಾಡಿದವರು, 1986ರಲ್ಲಿ ಏಕ ಮಾರುಕಟ್ಟೆಗೆ ದಾರಿ ಮಾಡಿದ ಒಪ್ಪಂದಕ್ಕೆ ಬ್ರಿಟನ್ನಿನ ಸಹಿ ಹಾಕಿಸಿದವರು, 1988ರ ಸೆಪ್ಟೆಂಬರಿನಲ್ಲಿ ಬ್ರೂಜ್ ನಗರದಲ್ಲಿ ನಿಂತು ಬ್ರಿಟನ್ನಿನಲ್ಲಿ ಹಿಂದಕ್ಕೆ ಸರಿಸಿದ ಪ್ರಭುತ್ವವನ್ನು ಸಮುದಾಯದ ಆಡಳಿತ ಕೇಂದ್ರವಾದ ಬ್ರಸೆಲ್ಸ್ ಮೂಲಕ ಮತ್ತೆ ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದರು. ಮಾರುಕಟ್ಟೆ ಒಂದಾಗಲಿ, ಪ್ರಭುತ್ವ ಒಂದಾಗುವುದು ಬೇಡ ಎಂಬ ಈ ನಿಲುವಿನಲ್ಲಿ ಒಳನಾಡಿನ ಸೂತ್ರವೇ ಇನ್ನೊಂದು ರೂಪದಲ್ಲಿ ಕಾಣುತ್ತದೆ. ಇದೇ ವಿಷಯದ ಮೇಲೆ ಜೆಫ್ರಿ ಹೌ 1990ರ ನವೆಂಬರ್ 1ರಂದು ರಾಜೀನಾಮೆ ಕೊಟ್ಟರು. ನಾಲ್ಕು ವಾರ ಕಳೆಯುವುದರೊಳಗೆ ಥ್ಯಾಚರ್ ಕೂಡ ಹುದ್ದೆಯಿಂದ ಇಳಿದರು.

ಭಾರತಕ್ಕೆ ಈ ನೀತಿ ನೇರವಾಗಿ ತಾಗಿದ್ದು ದಕ್ಷಿಣ ಆಫ್ರಿಕಾದ ವಿಷಯದಲ್ಲಿ. ವರ್ಣಭೇದ ನೀತಿಯನ್ನು ತಾವು ಒಪ್ಪುವುದಿಲ್ಲವೆಂದರೂ, ಅಲ್ಲಿನ ಸರ್ಕಾರದ ಮೇಲೆ ವ್ಯಾಪಕ ಆರ್ಥಿಕ ನಿರ್ಬಂಧ ಹೇರುವುದನ್ನು ಥ್ಯಾಚರ್ ಕಾಮನ್‌ವೆಲ್ತ್ ಸಭೆಗಳಲ್ಲಿ ಪಟ್ಟು ಹಿಡಿದು ವಿರೋಧಿಸಿದರು. ರಾಜೀವ್ ಗಾಂಧಿ ಎದುರು ಪಾಳಯದಲ್ಲಿದ್ದರು. 1986ರ ಎಡಿನ್‌ಬರೋ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು 32 ದೇಶಗಳು ಬಹಿಷ್ಕರಿಸಿದಾಗ ಭಾರತವೂ ಅವುಗಳಲ್ಲಿ ಒಂದಾಗಿತ್ತು. ಹೆಚ್ಚು ಗಮನಕ್ಕೆ ಬಾರದ ಇನ್ನೊಂದು ನಂಟು 1981ರ ಬ್ರಿಟಿಷ್ ಪೌರತ್ವ ಕಾಯ್ದೆ. ಅದು ಜಾರಿಗೆ ಬಂದ 1983ರ ಜನವರಿ 1ರಿಂದ ಬ್ರಿಟನ್ನಿನ ನೆಲದಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗುವುದು ನಿಂತಿತು. ತಂದೆ ತಾಯಿಯರಲ್ಲಿ ಒಬ್ಬರಾದರೂ ಪೌರರೋ ಕಾಯಂ ನೆಲೆಸಿದವರೋ ಆಗಿರಬೇಕಾಯಿತು. ಕೆಲಸದ ವೀಸಾದಲ್ಲಿರುವ ಕನ್ನಡಿಗ ದಂಪತಿಗೆ ಅಲ್ಲಿ ಮಗು ಹುಟ್ಟಿದಾಗ ಇಂದಿಗೂ ಎದುರಾಗುವ ನಿಯಮದ ಮೂಲ ಇದು.

ಥ್ಯಾಚರ್ ಹೋದಮೇಲೂ ಪದ ಉಳಿಯಿತು. ಟೋನಿ ಬ್ಲೇರ್ 1995ರಲ್ಲಿ ಲೇಬರ್ ಪಕ್ಷದ ಸಂವಿಧಾನದಿಂದ ಸಾರ್ವಜನಿಕ ಒಡೆತನದ ಹಳೆಯ ಗುರಿಯನ್ನು ತೆಗೆಸಿದರು. ಅಧಿಕಾರಕ್ಕೆ ಬಂದ ಮೇಲೂ ಥ್ಯಾಚರ್ ಕಾಲದ ಮುಷ್ಕರ ಕಾಯ್ದೆಗಳನ್ನು ಬಹುಪಾಲು ಹಾಗೆಯೇ ಬಿಟ್ಟರು. 2022ರ ಸೆಪ್ಟೆಂಬರಿನಲ್ಲಿ, ಥ್ಯಾಚರ್ ಅವರ ವಾರಸುದಾರರೆಂದು ಬೆಂಬಲಿಗರು ಬಿಂಬಿಸಿದ್ದ ಲಿಜ್ ಟ್ರಸ್ ಅವರ ಸರ್ಕಾರ, ವೆಚ್ಚ ಕಡಿತವನ್ನೂ ಬೇರೆ ಆದಾಯವನ್ನೂ ತೋರಿಸದೆ ಭಾರಿ ತೆರಿಗೆ ಕಡಿತ ಘೋಷಿಸಿತು. ಪೌಂಡ್ ಕುಸಿಯಿತು, ಸರ್ಕಾರಿ ಸಾಲಪತ್ರಗಳ ಬೆಲೆ ಬಿತ್ತು, ಪ್ರಧಾನಿ ಎರಡು ತಿಂಗಳೂ ಪೂರೈಸದೆ ನಿರ್ಗಮಿಸಿದರು. 1981ರ ಬಜೆಟ್ಟನ್ನು ಬಲ್ಲವರಿಗೆ ಎರಡರ ನಡುವಿನ ವ್ಯತ್ಯಾಸ ಎದ್ದು ಕಾಣುತ್ತಿತ್ತು: ಅಂದು ಥ್ಯಾಚರ್ ಸರ್ಕಾರ ಹಿಂಜರಿತದ ನಡುವೆಯೂ ಲೆಕ್ಕ ಸರಿದೂಗಿಸಲು ತೆರಿಗೆಯನ್ನು ಏರಿಸಿತ್ತು.