ಹಡಗಿನ ಟ್ಯಾಂಕಿಗೆ ‘ಟಕ್’ ಎನ್ನಲು ಬರುವುದಿಲ್ಲ

ಪೆಟ್ರೋಲ್ ಬಂಕಿನಲ್ಲಿ ‘ಫುಲ್ ಟ್ಯಾಂಕ್’ ಎಂದು ಹೇಳಿ ನಿಂತವರಿಗೆಲ್ಲ ಆ ಸದ್ದು ಗೊತ್ತು. ಟ್ಯಾಂಕ್ ತುಂಬುತ್ತಿದ್ದಂತೆ ನಾಝಲ್ ‘ಟಕ್’ ಎಂದು ತಾನೇ ನಿಂತುಬಿಡುತ್ತದೆ. ಅದರ ತುದಿಯಲ್ಲೊಂದು ಪುಟ್ಟ ತೂತಿದೆ. ಪೆಟ್ರೋಲ್ ಹರಿಯುವ ರಭಸಕ್ಕೆ ಆ ತೂತಿನಿಂದ ಗಾಳಿ ಒಳಕ್ಕೆ ಸೆಳೆದುಕೊಳ್ಳುತ್ತಿರುತ್ತದೆ. ಪೆಟ್ರೋಲ್ ಮೇಲೇರಿ ತೂತು ಮುಚ್ಚಿತೋ, ಗಾಳಿ ಸಿಗದೆ ಒಳಗಿನ ರಬ್ಬರ್ ಪೊರೆ ಸೆಳೆತಕ್ಕೆ ಸಿಕ್ಕಿ ಕೊಕ್ಕೆ ಕಳಚುತ್ತದೆ. ಕರೆಂಟೂ ಬೇಡ, ಸೆನ್ಸರೂ ಬೇಡ. ಆಮೇಲೆ ಬಂಕಿನ ಹುಡುಗ ‘ರೌಂಡ್ ಫಿಗರ್ ಮಾಡ್ತೀನಿ ಸಾರ್’ ಎಂದು ಇನ್ನೆರಡು ಸಲ ಒತ್ತುತ್ತಾನೆ, ಪೆಟ್ರೋಲ್ ಉಕ್ಕಿ ಸೀಟಿನತನಕ ಬರುತ್ತದೆ, ಅವನೇ ಬಟ್ಟೆಯಲ್ಲಿ ಒರೆಸುತ್ತಾನೆ.

ಹಡಗಿನಲ್ಲೂ ಎಡವಟ್ಟಾಗುವುದು ಹೆಚ್ಚಾಗಿ ಈ ಕೊನೆಯ ಎರಡು ಒತ್ತಿನಲ್ಲೇ.

ಹಡಗಿಗೆ ಇಂಧನ ತುಂಬುವುದಕ್ಕೆ ‘ಬಂಕರಿಂಗ್’ ಎನ್ನುತ್ತಾರೆ. ಉಗಿಹಡಗುಗಳ ಕಾಲದಲ್ಲಿ ಕಲ್ಲಿದ್ದಲು ರಾಶಿ ಹಾಕುವ ಕೋಣೆಗೆ ಬಂಕರ್ ಎಂಬ ಹೆಸರಿತ್ತು. ಕಲ್ಲಿದ್ದಲು ಹೋದರೂ ಹೆಸರು ಉಳಿಯಿತು. ಜಗತ್ತಿನ ಅತಿದೊಡ್ಡ ಬಂಕು ಸಿಂಗಪುರದ ಬಂದರು. 2023ರಲ್ಲೂ 2024ರಲ್ಲೂ ಅಲ್ಲಿ ಹಡಗುಗಳಿಗೆ ಮಾರಿದ ಇಂಧನ ವರ್ಷಕ್ಕೆ 5 ಕೋಟಿ ಟನ್ ದಾಟಿತು. ಅಲ್ಲಿ ಹಡಗು ಬಂಕಿಗೆ ಹೋಗುವುದಿಲ್ಲ, ಬಂಕೇ ಹಡಗಿನ ಬಳಿಗೆ ಬರುತ್ತದೆ: ಲಂಗರು ಹಾಕಿ ನಿಂತ ಹಡಗಿನ ಪಕ್ಕಕ್ಕೆ ಚಿಕ್ಕದೊಂದು ಬಂಕರ್ ಟ್ಯಾಂಕರ್ ಬಂದು ಹಗ್ಗ ಕಟ್ಟಿ, ಕ್ರೇನಿನಿಂದ ದಪ್ಪ ಹೋಸ್ ಎತ್ತಿ ಕೊಡುತ್ತದೆ. ಒಳಗೆ ಹರಿಯುವುದು ಡಾಂಬರಿನ ದಾಯಾದಿಯಂಥ ಕಪ್ಪು ಎಣ್ಣೆ. ಬಿಸಿ ಮಾಡದಿದ್ದರೆ ಅದು ಸರಾಗವಾಗಿ ಹರಿಯುವುದೇ ಇಲ್ಲ.

ವೇಗದ ಲೆಕ್ಕ ನೋಡಿ. ಗಂಟೆಗೆ 400 ಘನ ಮೀಟರ್ ಪಂಪ್ ಮಾಡುತ್ತಿದ್ದಾರೆ ಎಂದುಕೊಳ್ಳೋಣ, ಇದೇನೂ ಅಪರೂಪದ ವೇಗವಲ್ಲ. ಅಂದರೆ ಸೆಕೆಂಡಿಗೆ 111 ಲೀಟರ್. ಇಪ್ಪತ್ತು ಸ್ಕೂಟರುಗಳ ಟ್ಯಾಂಕು ಒಂದೇ ಸೆಕೆಂಡಿನಲ್ಲಿ ಭರ್ತಿ. 2024ರ ಅಕ್ಟೋಬರ್ 28ರಂದು ಸಿಂಗಪುರದ ಚಾಂಗಿ ಕರಾವಳಿಯಾಚೆ ಸರಕು ಹಡಗೊಂದು ಇಂಧನ ತುಂಬಿಸಿಕೊಳ್ಳುವಾಗ ಸುಮಾರು 5 ಟನ್ ಎಣ್ಣೆ ಉಕ್ಕಿತು. ಕೇಳಲು ದೊಡ್ಡ ಪ್ರಮಾಣ. ಆದರೆ ನಮ್ಮ ಲೆಕ್ಕದ ವೇಗದಲ್ಲಿ ಅಷ್ಟು ಉಕ್ಕಲು ಒಂದು ನಿಮಿಷವೂ ಬೇಡ. ‘ಒಂದ್ನಿಮಿಷ ಬಂದೆ’ ಎಂದು ಹೋದವನು ವಾಪಸು ಬರುವುದರೊಳಗೆ ಆಗಿಹೋಗುತ್ತದೆ.

ಹಾಗಿದ್ದರೆ ಹಡಗಿಗೂ ಒಂದು ‘ಟಕ್’ ಯಾಕಿಲ್ಲ? ನಲ್ಲಿಯನ್ನು ಗಕ್ಕನೆ ಮುಚ್ಚಿದಾಗ ಗೋಡೆಯೊಳಗಿನ ಪೈಪು ‘ಧಡ್’ ಎಂದು ಒದೆಯುತ್ತದಲ್ಲ, ಉತ್ತರ ಅದರಲ್ಲಿದೆ. ಓಡುವ ದ್ರವಕ್ಕೆ ದಾರಿ ಮುಚ್ಚಿದರೆ ಅದರ ವೇಗವೆಲ್ಲ ಒತ್ತಡವಾಗಿ ಹಿಂದಕ್ಕೆ ಅಲೆಯಂತೆ ಓಡುತ್ತದೆ. ಮಾಸ್ಕೋದ ನೀರಿನ ಕೊಳವೆಗಳಲ್ಲಿ ಪ್ರಯೋಗ ಮಾಡಿದ ನಿಕೊಲಾಯ್ ಝುಕೋವ್‌ಸ್ಕಿ 1898ರಲ್ಲೇ ಇದಕ್ಕೊಂದು ಸೂತ್ರ ಕೊಟ್ಟರು: ದ್ರವದ ಸಾಂದ್ರತೆ, ಅದರಲ್ಲಿ ಶಬ್ದ ಸಾಗುವ ವೇಗ, ದ್ರವ ಹರಿಯುತ್ತಿದ್ದ ವೇಗ, ಈ ಮೂರನ್ನೂ ಗುಣಿಸಿದರೆ ಒದೆತದ ಒತ್ತಡ ಸಿಗುತ್ತದೆ. ಎಂಟು ಇಂಚಿನ ಉಕ್ಕಿನ ಪೈಪಿನಲ್ಲಿ ಮೇಲಿನ ವೇಗಕ್ಕೆ ಇದು ಸುಮಾರು 40 ಬಾರ್, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ನಲವತ್ತು ಪಟ್ಟು ಆಗುತ್ತದೆ. ರಬ್ಬರ್ ಹೋಸ್ ಹಿಗ್ಗಿ ಸ್ವಲ್ಪ ನುಂಗಿಕೊಳ್ಳುತ್ತದೆ, ನಿಜ. ಆದರೆ ಇಂಥ ಹೋಸ್‌ಗಳು ದಿನನಿತ್ಯ ತಾಳಬೇಕಾದ್ದು ಹತ್ತು-ಹದಿನೈದು ಬಾರ್ ಅಷ್ಟೆ. ಟ್ಯಾಂಕ್ ಉಕ್ಕುವುದನ್ನು ತಡೆಯಲು ಹೋಗಿ ಹೋಸನ್ನೇ ಸಿಡಿಸಿಕೊಂಡಂತಾಗುತ್ತದೆ.

ಅದಕ್ಕೇ ಹಡಗಿನವರ ಪದ್ಧತಿ ಬೇರೆ. ಒಂದು ಟ್ಯಾಂಕ್ ತುಂಬುತ್ತಾ ಬಂದರೆ ಮೊದಲು ಮುಂದಿನ ಟ್ಯಾಂಕಿನ ವಾಲ್ವ್ ತೆರೆಯುತ್ತಾರೆ, ಆಮೇಲಷ್ಟೇ ತುಂಬಿದ್ದನ್ನು ಮುಚ್ಚುತ್ತಾರೆ. ಗದ್ದೆಗೆ ನೀರು ಕಟ್ಟುವ ರೈತ ಮುಂದಿನ ಮಡಿಗೆ ದಾರಿ ಬಿಡಿಸಿ ಹಿಂದಿನದಕ್ಕೆ ಮಣ್ಣು ಎಳೆದಂತೆ. ಕೊನೆಯ ಟ್ಯಾಂಕಿಗೆ ಬಂದಾಗ ಪಂಪಿನವರಿಗೆ ವೇಗ ತಗ್ಗಿಸಲು ಮೊದಲೇ ಹೇಳಬೇಕು. ನಿಲ್ಲಿಸುವುದಾದರೆ ಪಂಪನ್ನು ನಿಲ್ಲಿಸಬೇಕು, ವಾಲ್ವನ್ನಲ್ಲ. ಇಲ್ಲೊಂದು ತೊಡಕಿದೆ: ಪಂಪಿರುವುದು ಪಕ್ಕದ ಟ್ಯಾಂಕರಿನಲ್ಲಿ, ಅಲ್ಲಿಯವರ ಭಾಷೆ ಬೇರೆ. ಶುರುವಿಗೆ ಮುಂಚೆಯೇ ‘ನಿಲ್ಲಿಸು’ ಎನ್ನುವುದಕ್ಕೆ ಕೈಸನ್ನೆ, ವಾಕಿಟಾಕಿ ಚಾನೆಲ್ ಎಲ್ಲ ನಿಕ್ಕಿಯಾಗಬೇಕು. ಚೆಕ್‌ಲಿಸ್ಟ್ ಇದ್ದೇ ಇರುತ್ತದೆ. ಚಹಾ ಕುಡಿಯುತ್ತಾ ಸಾಲಾಗಿ ಟಿಕ್ ಹಾಕಿ ಮುಗಿಸುವ ಕಲೆಯೂ ಎಲ್ಲ ದೇಶಗಳಲ್ಲೂ ಇದೆ.

ಟ್ಯಾಂಕನ್ನು ಪೂರ್ತಿ ತುಂಬುವುದೂ ಇಲ್ಲ. ಶೇ 90ರ ಸುಮಾರಿಗೆ ನಿಲ್ಲಿಸುವುದು ವಾಡಿಕೆ. ಈ ಎಣ್ಣೆ ಒಂದು ಡಿಗ್ರಿ ಬಿಸಿಯಾದರೆ ಶೇ 0.07ರಷ್ಟು ಹಿಗ್ಗುತ್ತದೆ. 500 ಘನ ಮೀಟರ್ ಎಣ್ಣೆ 20 ಡಿಗ್ರಿ ಬಿಸಿಯಾದರೆ 7 ಘನ ಮೀಟರ್ ಹೆಚ್ಚುವರಿ ಜಾಗ ಕೇಳುತ್ತದೆ. ಗಾಳಿಯ ಕಾಟವೂ ಇದೆ. ಎಣ್ಣೆಯೊಳಗೆ ಗಾಳಿ ಸೇರಿ ನೊರೆಯಾದರೆ ಮಟ್ಟದ ಅಳತೆ ಸುಳ್ಳು ಹೇಳುತ್ತದೆ. ಹಿಂದೆ ಕೆಲವು ಮಾರಾಟಗಾರರು ಬೇಕೆಂದೇ ಗಾಳಿ ಊದಿ ಲೀಟರ್ ಹೆಚ್ಚು ತೋರಿಸುತ್ತಿದ್ದರು, ಅದಕ್ಕೆ ‘ಕ್ಯಾಪುಚಿನೊ ಬಂಕರ್’ ಎಂದೇ ಅಡ್ಡಹೆಸರು. 2017ರಿಂದ ಸಿಂಗಪುರ ದ್ರವ್ಯರಾಶಿಯನ್ನೇ ಅಳೆಯುವ ಮೀಟರ್ ಕಡ್ಡಾಯ ಮಾಡಿತು. ಕೆಲಸ ಮುಗಿದ ಮೇಲೆ ಹೋಸ್ ಖಾಲಿ ಮಾಡಲು ಊದುವ ಗಾಳಿಯೂ ಅಷ್ಟೇ ಪೋಕರಿ: ಕಂಠಮಟ್ಟ ತುಂಬಿದ ಟ್ಯಾಂಕಿನೊಳಗೆ ಗುಳುಗುಳು ಎಂದು ಏಳುವಾಗ ಎಣ್ಣೆಯನ್ನೂ ಹೊತ್ತುಕೊಂಡು, ಟ್ಯಾಂಕಿನ ಗಾಳಿ ಹೊರಹೋಗಲೆಂದು ಡೆಕ್ಕಿನ ಮೇಲೆ ಬಾಯಿ ತೆರೆದಿರುವ ಏರ್ ಪೈಪಿನಿಂದ ಹೊರಬರುತ್ತದೆ.

ಇಷ್ಟಾದರೂ ಉಕ್ಕಿದರೆ? ಏರ್ ಪೈಪಿನ ಬಾಯಿಯ ಸುತ್ತ ಕಟ್ಟೆಯಿರುವ ತಟ್ಟೆ ಇರುತ್ತದೆ. ಡೆಕ್ಕಿನ ಅಂಚಿನಲ್ಲಿ ಮಳೆನೀರು ಹೋಗುವ ತೂಬುಗಳಿಗೆ ಮೊದಲೇ ಬಿರಡೆ ಜಡಿದಿರುತ್ತಾರೆ. ಸಿಂಗಪುರದ ಮಧ್ಯಾಹ್ನದ ಮಳೆ ಸುರಿದರೆ ಆಗ ಡೆಕ್ಕೇ ಕೆರೆ. ಎಣ್ಣೆ ನೀರಿನ ಮೇಲೆ ತೇಲುವುದರಿಂದ ಮೊದಲು ಅಂಚು ದಾಟುವುದು ಅದೇ. ಹಾಗಾಗಿ ನಿಂತ ನೀರನ್ನು ಯಾರಾದರೂ ಕಾಯುತ್ತಾ ಆಗಾಗ ಹೊರಬಿಡಬೇಕು. ಅಮೆರಿಕದ ವಾಷಿಂಗ್ಟನ್ ರಾಜ್ಯದವರು ಇನ್ನೂ ಒಂದು ಹೆಜ್ಜೆ ಮುಂದೆ: ಪಂಪಿನ ವೇಗ ನಿಮಿಷಕ್ಕೆ 500 ಗ್ಯಾಲನ್, ಅಂದರೆ ಸುಮಾರು 1,900 ಲೀಟರ್ ದಾಟುವುದಾದರೆ, ಹವಾಮಾನ ಅಡ್ಡಿ ಬರದಿದ್ದಲ್ಲಿ, ಹಡಗಿನ ಸುತ್ತ ತೇಲುಬೇಲಿ ಹಾಕಿಯೇ ಕೆಲಸ ಶುರು ಮಾಡಬೇಕು.

ಎಷ್ಟೋ ಹಡಗುಗಳಲ್ಲಿ ಮಟ್ಟ ತೋರುವ ಮೀಟರೂ ಅಲಾರಮ್ಮೂ ಇವೆ. ಆದರೂ ಕಿರಿಯ ಎಂಜಿನಿಯರೊಬ್ಬ ಹಿತ್ತಾಳೆ ಗುಂಡು ಕಟ್ಟಿದ ಟೇಪನ್ನು ಟ್ಯಾಂಕಿನ ಕೊಳವೆಗೆ ಇಳಿಬಿಡುತ್ತಾನೆ, ಎತ್ತಿ, ಕಪ್ಪಗಾದದ್ದು ಎಲ್ಲಿಯವರೆಗೆಂದು ಓದಿ, ಬಟ್ಟೆಯಲ್ಲಿ ಒರೆಸಿ ಮತ್ತೆ ಇಳಿಬಿಡುತ್ತಾನೆ. ನಡುವೆ ಏರ್ ಪೈಪಿನ ಬಾಯಿಗೆ ಅಂಗೈ ಹಿಡಿಯುತ್ತಾನೆ. ಬೆಚ್ಚನೆಯ ಗಾಳಿ ತಾಗಿದರೆ ಎಣ್ಣೆ ಹೋಗಬೇಕಾದ ಟ್ಯಾಂಕಿಗೇ ಹೋಗುತ್ತಿದೆ ಎಂದರ್ಥ. ಮುಚ್ಚಿದ್ದೇನೆಂದುಕೊಂಡ ಟ್ಯಾಂಕಿನ ಪೈಪಿನಿಂದಲೂ ಗಾಳಿ ಬರುತ್ತಿದ್ದರೆ ವಾಕಿಟಾಕಿ ಎತ್ತಿಕೊಳ್ಳುತ್ತಾನೆ.