ಇಂಟ್ರಾನೆಟ್ ಸೈಟುಗಳಲ್ಲಿ ಎಐ ಸಹಾಯಕ: ಅನುಮತಿ, ವಿಷಯ ಮತ್ತು ಒಡೆತನದ ಕುರಿತು ಅಧ್ಯಯನ ಟಿಪ್ಪಣಿ

ಕಂಪನಿಯ ಇಂಟ್ರಾನೆಟ್‌ಗೆ ಎಐ ಸಹಾಯಕ ಬಂದ ಮೇಲೆ ಎರಡು ಬಗೆಯ ದೂರುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ತನಗೆ ಕಾಣಬಾರದಿದ್ದ ಕಡತದ ಸಾರಾಂಶವನ್ನು ಅದು ಕೊಟ್ಟಿತು ಎಂಬುದು ಒಂದು. ರದ್ದಾದ ನಿಯಮವನ್ನು ಈಗಲೂ ಜಾರಿಯಲ್ಲಿರುವಂತೆ ಹೇಳಿತು ಎಂಬುದು ಇನ್ನೊಂದು. ಈ ವಿಷಯವನ್ನು ಓದಲು ತೊಡಗಿದಾಗ ನಾನು ಎರಡನ್ನೂ ಸಹಾಯಕದ ದೋಷಗಳೆಂದೇ ಭಾವಿಸಿದ್ದೆ. ಓದುತ್ತಾ ಹೋದಂತೆ, ಮೊದಲನೆಯದರ ಬೇರು ಅನುಮತಿಯಲ್ಲಿಯೂ ಎರಡನೆಯದರ ಬೇರು ವಿಷಯದ ನಿರ್ವಹಣೆಯಲ್ಲಿಯೂ ಇದೆ ಎಂಬುದು ಮನವರಿಕೆಯಾಯಿತು. ಸಹಾಯಕ ಬರುವ ಮೊದಲೂ ಆ ಎರಡು ಬೇರುಗಳು ಅಲ್ಲೇ ಇದ್ದವು. ಈ ಟಿಪ್ಪಣಿಯಲ್ಲಿ ಕಂಪನಿಯ ಪುಟ ಮತ್ತು ಕಡತಗಳನ್ನು ಇಡುವ ಮೈಕ್ರೋಸಾಫ್ಟ್‌ನ ಶೇರ್‌ಪಾಯಿಂಟ್ ಹಾಗೂ ಅವುಗಳನ್ನು ಓದಿ ಉತ್ತರಿಸುವ ಎಐ ಸಹಾಯಕವಾದ ಮೈಕ್ರೋಸಾಫ್ಟ್ 365 ಕೋಪೈಲಟ್‌ಗಳನ್ನು ಆಧಾರವಾಗಿ ಇಟ್ಟುಕೊಂಡಿದ್ದೇನೆ. ಬೇರೆ ವ್ಯವಸ್ಥೆಗಳಲ್ಲಿ ಗುಂಡಿಗಳ ಹೆಸರು ಬೇರೆಯಾಗಬಹುದು, ಒಳಗಿನ ತರ್ಕ ಬಹುಮಟ್ಟಿಗೆ ಇದೇ.

ಸಹಾಯಕ ಉತ್ತರ ಕಟ್ಟುವ ಬಗೆ

ಕೋಪೈಲಟ್‌ನಂಥ ಸಹಾಯಕದೊಳಗೆ ಪಠ್ಯ ಬರೆಯುವ ಭಾಷಾ ಮಾದರಿಗೆ ನಿಮ್ಮ ಕಂಪನಿಯ ಕಡತಗಳು ಮೊದಲೇ ತಿಳಿದಿರುವುದಿಲ್ಲ. ಪ್ರಶ್ನೆ ಬಂದಾಗ ಅದಕ್ಕೆ ಹತ್ತಿರವಾದ ಭಾಗಗಳನ್ನು ಹುಡುಕಾಟದ ಸೂಚಿಯಿಂದ (ಕಡತಗಳ ಪಠ್ಯವನ್ನು ಬೇಗ ಹುಡುಕಲು ಮೊದಲೇ ಸಿದ್ಧಪಡಿಸಿದ ಪಟ್ಟಿ) ಹೆಕ್ಕಿ, ಪ್ರಶ್ನೆಯ ಜೊತೆಗೆ ಮಾದರಿಯ ಮುಂದಿಡಲಾಗುತ್ತದೆ. ಮಾದರಿ ಅವುಗಳನ್ನು ಓದಿ ಉತ್ತರ ಬರೆಯುತ್ತದೆ. ಹುಡುಕಿ ತಂದು ಉತ್ತರಿಸುವ ಈ ವಿಧಾನಕ್ಕೆ ರಿಟ್ರೀವಲ್-ಆಗ್ಮೆಂಟೆಡ್ ಜನರೇಷನ್ (RAG) ಎಂಬ ಇಂದಿನ ಹೆಸರು ಸಿಕ್ಕಿದ್ದು 2020ರ ಒಂದು ಸಂಶೋಧನಾ ಪ್ರಬಂಧದಿಂದ. ಹೆಕ್ಕುವ ಹಂತದಲ್ಲಿ ಪ್ರಶ್ನೆ ಕೇಳಿದವರ ಗುರುತು ಮತ್ತು ಅನುಮತಿಗಳು ಲೆಕ್ಕಕ್ಕೆ ಬರುವುದರಿಂದ, ಅವರು ತೆರೆಯಲಾಗದ ಕಡತವನ್ನು ಸಹಾಯಕವೂ ಅವರಿಗಾಗಿ ತೆರೆಯುವುದಿಲ್ಲ. ಒಂದೇ ಪ್ರಶ್ನೆಗೆ ಇಬ್ಬರು ಉದ್ಯೋಗಿಗಳಿಗೆ ಬೇರೆ ಬೇರೆ ಉತ್ತರ ಸಿಗುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಮೊದಲನೆಯ ದೂರು ಹುಟ್ಟುವುದು ಹೇಗೆ? ಆ ಉದ್ಯೋಗಿಗೆ ಆ ಕಡತವನ್ನು ನೋಡುವ ಅನುಮತಿ ವಾಸ್ತವವಾಗಿ ಇತ್ತು, ಅಷ್ಟೇ. ಶೇರ್‌ಪಾಯಿಂಟ್ ಮೊದಲು ಬಂದದ್ದು 2001ರಲ್ಲಿ. ದೊಡ್ಡ ಉದ್ದಿಮೆಗಳಿಗೆ ಕೋಪೈಲಟ್ ಮಾರಾಟಕ್ಕೆ ತೆರೆದದ್ದು 2023ರ ನವೆಂಬರ್ 1ರಂದು. ನಡುವಿನ ಎರಡು ದಶಕಗಳಲ್ಲಿ ತಂಡಗಳು ಸೈಟುಗಳನ್ನು ಕಟ್ಟಿದವು, ಅವಸರದಲ್ಲಿ ಎಲ್ಲರಿಗೂ ಅನುಮತಿ ಕೊಟ್ಟವು, ಯೋಜನೆ ಮುಗಿದ ಮೇಲೆ ಮರೆತವು. ಐದು ಫೋಲ್ಡರ್‌ಗಳ ಒಳಗಿರುವ ಸಂಬಳದ ಪಟ್ಟಿಗೆ ಬೀಗ ಇಲ್ಲದಿದ್ದರೂ ಅದರ ದಾರಿ ಯಾರಿಗೂ ಗೊತ್ತಿರಲಿಲ್ಲ. ಆ ಮರೆಯೇ ರಕ್ಷಣೆಯಂತೆ ಕೆಲಸ ಮಾಡುತ್ತಿತ್ತು. ಸಹಜ ಭಾಷೆಯಲ್ಲಿ ಕೇಳಿದ ಪ್ರಶ್ನೆಗೆ ಸಹಾಯಕ ಆ ದಾರಿಯನ್ನು ಕ್ಷಣದಲ್ಲಿ ಕಂಡುಕೊಳ್ಳುವುದರಿಂದ ಮರೆ ಹೋಯಿತು, ಬೀಗವಿಲ್ಲದಿರುವುದು ಕಣ್ಣಿಗೆ ಬಿತ್ತು. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಬೇಕೆಂಬ ಸೂತ್ರವನ್ನು ಕಂಪ್ಯೂಟರ್ ವಿಜ್ಞಾನಿಗಳಾದ ಸಾಲ್ಟ್ಜರ್ ಮತ್ತು ಶ್ರೋಡರ್ 1975ರಲ್ಲೇ ವಿವರಿಸಿದ್ದರು. ಆ ಸೂತ್ರವನ್ನು ಪಾಲಿಸದೆ ಬಿಟ್ಟುದರ ಪರಿಣಾಮ ಈಗ ಉತ್ತರಗಳ ರೂಪದಲ್ಲಿ ಹೊರಬರುತ್ತಿದೆ.

ಅನುಮತಿಯ ಬಿಗಿ, ಸಡಿಲ

ಕಲಿಯುವವರು ಇಲ್ಲಿ ಸ್ವಲ್ಪ ನಿಧಾನಿಸಬೇಕು. ಕಡತವು ಅತಿಯಾಗಿ ತೆರೆದುಕೊಳ್ಳುವ ದಾರಿಗಳು ಹೊರಗಿನಿಂದ ಒಂದೇ ರೀತಿ ಕಾಣುತ್ತವೆ, ಸಹಾಯಕದ ಮೇಲೆ ಅವುಗಳ ಪರಿಣಾಮ ಮಾತ್ರ ಬೇರೆ ಬೇರೆ. 'ಹೊರಗಿನವರನ್ನು ಬಿಟ್ಟು ಎಲ್ಲರೂ' ಎಂಬ ಸಿದ್ಧ ಗುಂಪನ್ನು ಒಂದು ಸೈಟಿಗೆ ಸೇರಿಸಿದರೆ, ಆ ಕ್ಷಣದಿಂದ ಇಡೀ ಕಂಪನಿಯ ಹುಡುಕಾಟಕ್ಕೂ ಸಹಾಯಕಕ್ಕೂ ಆ ಸೈಟು ತೆರೆದಂತೆಯೇ. 'ಸಂಸ್ಥೆಯೊಳಗಿನ ಯಾರಾದರೂ' ಎಂಬ ಹಂಚಿಕೆಯ ಲಿಂಕ್ ಹಾಗಲ್ಲ: ಲಿಂಕನ್ನು ಪಡೆದು ಒಮ್ಮೆ ತೆರೆದವರ ಹುಡುಕಾಟದಲ್ಲಿ ಮಾತ್ರ ಆ ಕಡತ ಕಾಣಿಸಿಕೊಳ್ಳುತ್ತದೆ. ಲಿಂಕ್ ಸಾವಿರ ಜನರ ಗುಂಪಿಗೆ ಹೋದರೆ ಅಪಾಯ ಬಹುತೇಕ ಅಷ್ಟೇ ಇರುತ್ತದೆ, ನಿಜ. ಆದರೂ ಮೊದಲು ಸರಿಪಡಿಸಬೇಕಾದದ್ದು ಯಾವುದು ಎಂದು ಕೇಳಿದರೆ, ನನ್ನ ಉತ್ತರ ಸಂಶಯವಿಲ್ಲದೆ ಆ ಸಿದ್ಧ ಗುಂಪು. ಮೂರನೆಯ ದಾರಿ ಒಳಗೊಳಗೇ ನಡೆಯುವಂಥದು. ಕಡತಗಳು ಸಾಮಾನ್ಯವಾಗಿ ತಮ್ಮ ಮೇಲಿನ ಫೋಲ್ಡರ್ ಮತ್ತು ಸೈಟಿನ ಅನುಮತಿಯನ್ನೇ ಪಡೆಯುತ್ತವೆ. ಒಂದು ಕಡತವನ್ನು ಪ್ರತ್ಯೇಕವಾಗಿ ಹಂಚಿದಾಗ ಆ ಕೊಂಡಿ ಕಳಚಿ, ಅದಕ್ಕೆ ತನ್ನದೇ ಅನುಮತಿ ಹುಟ್ಟುತ್ತದೆ. ಒಂದು ಲೈಬ್ರರಿಯಲ್ಲಿ (ಸೈಟಿನೊಳಗಿನ ಕಡತಗಳ ಸಂಗ್ರಹದಲ್ಲಿ) ಇಂಥ ಪ್ರತ್ಯೇಕ ಅನುಮತಿಗಳು 50,000ದವರೆಗೆ ಇರಬಹುದಾದರೂ, 5,000ದ ಒಳಗಿರಲಿ ಎಂಬುದೇ ಮೈಕ್ರೋಸಾಫ್ಟ್‌ನ ಸಲಹೆ. ಆ ಸಂಖ್ಯೆಗಿಂತ ಬಹಳ ಮೊದಲೇ, ಯಾವ ಕಡತವನ್ನು ಯಾರು ನೋಡಬಲ್ಲರು ಎಂದು ಹೇಳುವುದು ಮಾಲೀಕರ ಕೈಮೀರಿರುತ್ತದೆ ಎಂಬುದು ನನ್ನ ಅಭಿಪ್ರಾಯ.

ಇದನ್ನು ಪತ್ತೆ ಹಚ್ಚಲು ಶೇರ್‌ಪಾಯಿಂಟ್‌ನ ಸುಧಾರಿತ ನಿರ್ವಹಣಾ ಸಾಧನಗಳಲ್ಲಿ ಪ್ರವೇಶದ ವರದಿಗಳಿವೆ. ಯಾವ ಸೈಟುಗಳಲ್ಲಿ ಆ ಸಿದ್ಧ ಗುಂಪು ಇದೆ, ಎಲ್ಲಿ ಹಂಚಿಕೆಯ ಲಿಂಕುಗಳು ಹೆಚ್ಚಿವೆ ಎಂಬುದನ್ನು ಅವು ತೋರಿಸುತ್ತವೆ. ವರದಿ ಬಂದ ಕೂಡಲೇ ಅಡ್ಮಿನ್ ತಾನೇ ಅನುಮತಿಗಳನ್ನು ಕಿತ್ತುಹಾಕುವುದು ತಪ್ಪು. ಆ ಸೈಟನ್ನು ದಿನವೂ ಬಳಸುವ ತಂಡಕ್ಕಷ್ಟೇ ಗೊತ್ತಿರುವ ಸಕಾರಣ ಇರಬಹುದು. ಆದ್ದರಿಂದಲೇ, ಪ್ರವೇಶವನ್ನು ಪರಿಶೀಲಿಸಿ ಎಂದು ಸೈಟಿನ ಮಾಲೀಕರನ್ನು ಕೇಳುವ ವ್ಯವಸ್ಥೆಯೂ ಅದೇ ಸಾಧನಗಳಲ್ಲಿ ಇದೆ.

ಮುಚ್ಚುವುದು ಮತ್ತು ಮರೆಮಾಡುವುದು

ಪರೀಕ್ಷೆಗೆ ಓದುವವರೂ ಕೆಲಸದಲ್ಲಿರುವವರೂ ಬಹಳ ಗೊಂದಲಕ್ಕೆ ಒಳಗಾಗುವ ಜಾಗ ಇದು. ಮೂರು ಸಾಧನಗಳ ಹೆಸರಿನಲ್ಲೂ 'ನಿರ್ಬಂಧ' ಎಂಬ ಅರ್ಥದ ಪದವೇ ಇದೆ, ಕೆಲಸ ಮಾತ್ರ ಮೂರು ತರಹದ್ದು.

ನಿರ್ಬಂಧಿತ ಪ್ರವೇಶ ನಿಯಂತ್ರಣವು ನಿಜವಾದ ಬೀಗ. ಸೈಟಿಗೆ ಒಂದು ಗುಂಪನ್ನು ನಿಗದಿಪಡಿಸಿದರೆ, ಆ ಗುಂಪಿನಲ್ಲಿ ಇಲ್ಲದವರು ಹಳೆಯ ಅನುಮತಿಯಿದ್ದರೂ ಹಳೆಯ ಲಿಂಕಿದ್ದರೂ ಒಳಗೆ ಬರಲಾರರು. ಅದೇ ಹೊತ್ತಿಗೆ, ಗುಂಪಿನಲ್ಲಿದ್ದ ಮಾತ್ರಕ್ಕೆ ಹೊಸ ಅನುಮತಿ ಸಿಗುವುದಿಲ್ಲ, ಎರಡೂ ಇರಬೇಕು.

ನಿರ್ಬಂಧಿತ ವಿಷಯ ಶೋಧವು ಬೀಗ ಹಾಕುವುದಿಲ್ಲ, ಪರದೆ ಎಳೆಯುತ್ತದೆ. ಆ ಸೈಟಿನ ಕಡತಗಳು ಕಂಪನಿಯಾದ್ಯಂತದ ಹುಡುಕಾಟದಲ್ಲೂ ಕೋಪೈಲಟ್‌ನ ಉತ್ತರಗಳಲ್ಲೂ ಬರದಂತೆ ಅದು ತಡೆಯುತ್ತದೆ. ಅನುಮತಿ ಇದ್ದವರು ನೇರವಾಗಿ ಹೋಗಿ ತೆರೆಯುವುದಕ್ಕೆ ಅಡ್ಡಿಯಿಲ್ಲ, ಇತ್ತೀಚೆಗೆ ತಾವೇ ಕೆಲಸ ಮಾಡಿದ ಕಡತಗಳು ಅವರಿಗೆ ಕಾಣುತ್ತಲೂ ಇರುತ್ತವೆ. ಸೂಚಿ ನವೀಕರಣಗೊಳ್ಳಬೇಕಾದ್ದರಿಂದ, ದೊಡ್ಡ ಸೈಟುಗಳಲ್ಲಿ ಇದರ ಪರಿಣಾಮ ಕಾಣಲು ದಿನಗಳೇ ಹಿಡಿಯಬಹುದು. ನೂರಾರು ಸೈಟುಗಳಿಗೆ ಇದನ್ನು ಹಚ್ಚಿದರೆ ಸಹಾಯಕಕ್ಕೆ ಓದಲು ಏನೂ ಉಳಿಯುವುದಿಲ್ಲ, ಉತ್ತರಗಳು ಬಡವಾಗುತ್ತವೆ. ಅನುಮತಿಯನ್ನು ಪರಿಶೀಲಿಸಿ ಮುಗಿಸುವ ತನಕದ ತಾತ್ಕಾಲಿಕ ಪರದೆಯೆಂದು ಬಳಸುವುದೇ ಇದರ ಸರಿಯಾದ ಉಪಯೋಗ.

ನಿರ್ಬಂಧಿತ ಶೇರ್‌ಪಾಯಿಂಟ್ ಹುಡುಕಾಟ ಇದಕ್ಕೆ ತಿರುಗುಮುರುಗಾದದ್ದು: ಹೊರಗಿಡಬೇಕಾದವುಗಳ ಬದಲು, ಹುಡುಕಾಟಕ್ಕೆ ಸೇರಬೇಕಾದ ಗರಿಷ್ಠ 100 ಸೈಟುಗಳ ಪಟ್ಟಿಯನ್ನು ಕೊಡಲಾಗುತ್ತದೆ. ಇದೂ ಆರಂಭದ ದಿನಗಳಿಗೆ ಮಾತ್ರ.

ಏಜೆಂಟ್ ಎಂಬ ಕಡತ

ಒಂದು ಸೈಟಿನ ವಿಷಯಕ್ಕೆ ಸೀಮಿತವಾದ ಚಿಕ್ಕ ಸಹಾಯಕಕ್ಕೆ ಏಜೆಂಟ್ ಎನ್ನುತ್ತಾರೆ. ಶೇರ್‌ಪಾಯಿಂಟ್‌ನಲ್ಲಿ ಪ್ರತಿ ಸೈಟಿಗೂ ಒಂದು ಸಿದ್ಧ ಏಜೆಂಟ್ ಇರುತ್ತದೆ; ತಿದ್ದುವ ಅನುಮತಿ ಇರುವವರು ತಮಗೆ ಬೇಕಾದ ಪುಟಗಳನ್ನು ಆರಿಸಿ, ಸೂಚನೆ ಬರೆದು, ಹೊಸದನ್ನೂ ಕಟ್ಟಬಹುದು. ನನಗೆ ಬಹಳ ನೆರವಾದ ತಿಳಿವಳಿಕೆ ಏನೆಂದರೆ, ಹೀಗೆ ಕಟ್ಟಿದ ಏಜೆಂಟ್ ಆ ಸೈಟಿನಲ್ಲೇ ಕೂರುವ ಒಂದು ಕಡತ. ಕಡತವಾದ್ದರಿಂದ ಅದಕ್ಕೂ ಅನುಮತಿ ಇದೆ, ಅದನ್ನೂ ಹಂಚಬಹುದು, ಅಳಿಸಬಹುದು. ಏಜೆಂಟನ್ನು ಹಂಚಿದರೆ ಅದು ಓದುವ ಮೂಲ ಪುಟಗಳು ಹಂಚಿಕೆಯಾಗುವುದಿಲ್ಲ. ಮೂಲಗಳಿಗೆ ಅನುಮತಿ ಇಲ್ಲದ ಸಹೋದ್ಯೋಗಿಗೆ ಅದರಿಂದ ಅರ್ಧಂಬರ್ಧ ಉತ್ತರವಷ್ಟೇ ಸಿಗುತ್ತದೆ.

ಈ ನೆಮ್ಮದಿ ಎಲ್ಲ ಏಜೆಂಟ್‌ಗಳಿಗೂ ಅನ್ವಯಿಸುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಬೇರೆ ಸಾಧನಗಳಲ್ಲಿ ಏಜೆಂಟ್ ಕಟ್ಟುವಾಗ ಕಡತವನ್ನು ನೇರವಾಗಿ ಅದರೊಳಗೆ ಅಪ್‌ಲೋಡ್ ಮಾಡಿದರೆ, ಆ ಏಜೆಂಟನ್ನು ಬಳಸಬಲ್ಲ ಎಲ್ಲರಿಗೂ ಆ ಕಡತದ ವಿಷಯ ಸಿಗಬಹುದು. ಮೂಲ ಕಡತದ ಅನುಮತಿ ಅಲ್ಲಿ ಕಾವಲು ನಿಲ್ಲುವುದಿಲ್ಲ. ಏಜೆಂಟ್ ಕಟ್ಟುವ ಮೈಕ್ರೋಸಾಫ್ಟ್‌ನ ಇನ್ನೊಂದು ಸಾಧನವಾದ ಕೋಪೈಲಟ್ ಸ್ಟುಡಿಯೋದಲ್ಲಿ, ಏಜೆಂಟ್ ಬೇರೆ ವ್ಯವಸ್ಥೆಗಳನ್ನು ತಲುಪಲು ಬಳಸುವ ಉಪಕರಣಗಳನ್ನು, ಕೇಳುವವರ ಗುರುತಿನ ಬದಲು ಕಟ್ಟಿದವರ ಗುರುತಿನಿಂದಲೇ ಕೆಲಸ ಮಾಡುವಂತೆ ಹೊಂದಿಸಲೂ ಸಾಧ್ಯ. ಹಾಗೆ ಹೊಂದಿಸಿದವರಿಗೆ ಹಣಕಾಸಿನ ದತ್ತಾಂಶಕ್ಕೆ ಪ್ರವೇಶವಿದ್ದರೆ, ಏಜೆಂಟ್ ಮೂಲಕ ಎಲ್ಲರಿಗೂ ಆ ಪ್ರವೇಶ ಸಿಕ್ಕಂತಾಯಿತು. ಆದ್ದರಿಂದ ಯಾವ ಏಜೆಂಟ್ ಕುರಿತು ಚರ್ಚೆ ಬಂದರೂ ಮೊದಲು ಕೇಳಬೇಕಾದ ಪ್ರಶ್ನೆ ಇದು: ಅದು ಯಾರ ಗುರುತಿನಿಂದ ಓದುತ್ತದೆ? ಎರಡನೆಯ ಪ್ರಶ್ನೆ: ಕಟ್ಟಿದವರು ಕೆಲಸ ಬಿಟ್ಟರೆ ಅದರ ಹೊಣೆ ಯಾರದು? ಸೈಟಿಗೆ ಕನಿಷ್ಠ ಇಬ್ಬರು ಮಾಲೀಕರು ಇರಬೇಕೆಂಬ ನಿಯಮವನ್ನು ಏಜೆಂಟ್‌ಗಳಿಗೂ ವಿಸ್ತರಿಸುವುದು ಒಳ್ಳೆಯದು.

ವಿಷಯವೇ ಉತ್ತರದ ಗುಣಮಟ್ಟ

ಈಗ ಎರಡನೆಯ ದೂರಿಗೆ ಬರೋಣ. ರಜೆಯ ನಿಯಮಾವಳಿಯ ಮೂರು ಪ್ರತಿಗಳು ಮೂರು ಸೈಟುಗಳಲ್ಲಿವೆ ಎಂದುಕೊಳ್ಳಿ: ಒಂದರ ಹೆಸರು 'ಅಂತಿಮ', ಇನ್ನೊಂದು 'ಅಂತಿಮ 2', ಮತ್ತೊಂದು ಹೆಸರಿಲ್ಲದ ಸ್ಕ್ಯಾನ್ ಪ್ರತಿ. ಜಾರಿಯಲ್ಲಿರುವುದು ಸ್ಕ್ಯಾನ್ ಪ್ರತಿ. ಮನುಷ್ಯರು ಯಾರನ್ನಾದರೂ ಕೇಳಿ ಅದನ್ನು ತಿಳಿದುಕೊಳ್ಳುತ್ತಾರೆ. ಹುಡುಕಾಟವು ಮುಖ್ಯವಾಗಿ ಅಳೆಯುವುದು ಪ್ರಶ್ನೆಗೂ ಪಠ್ಯಕ್ಕೂ ಇರುವ ಅರ್ಥದ ಹತ್ತಿರವನ್ನು. ಯಾವ ದಾಖಲೆಗೆ ಅಧಿಕಾರವಿದೆ ಎಂಬುದನ್ನು ಪುಟದಲ್ಲಿ ಬರೆದಿಡದಿದ್ದರೆ ಸಹಾಯಕಕ್ಕೆ ತಿಳಿಯುವ ದಾರಿಯಿಲ್ಲ. ಸ್ಕ್ಯಾನ್ ಚಿತ್ರದಲ್ಲಿ ಓದಬಲ್ಲ ಪಠ್ಯವೇ ಇಲ್ಲದಿದ್ದರೆ, ಸರಿಯಾದ ಪ್ರತಿ ಸ್ಪರ್ಧೆಗೇ ಬರುವುದಿಲ್ಲ. ಆಗ ಬರುವ ತಪ್ಪು ಉತ್ತರವು ನಿಜವಾದ ಕಡತವನ್ನೇ ಆಧಾರವಾಗಿ ತೋರಿಸುತ್ತದೆ. ಆಧಾರವಿಲ್ಲದೆ ಕಲ್ಪಿಸಿದ ಉತ್ತರಕ್ಕಿಂತ ಇದನ್ನು ಹಿಡಿಯುವುದು ಕಷ್ಟ.

ಬರವಣಿಗೆಯ ಕ್ರಮವೂ ಇಲ್ಲಿ ಮುಖ್ಯವಾಗುತ್ತದೆ. ಸೂಚಿಗೆ ಸೇರಿಸುವಾಗ ಉದ್ದನೆಯ ದಾಖಲೆಗಳನ್ನು ತುಂಡುಗಳಾಗಿ ಒಡೆಯುವುದು ಈ ವಿಧಾನದ ರೂಢಿ. ನಿಯಮವನ್ನು ಮೊದಲ ಪುಟದಲ್ಲಿ ಬರೆದು, 'ಮೇಲಿನ ನಿಯಮ ಗುತ್ತಿಗೆ ನೌಕರರಿಗೆ ಅನ್ವಯಿಸದು' ಎಂದು ಆರನೆಯ ಪುಟದಲ್ಲಿ ಸೇರಿಸಿದರೆ, ನಿಯಮದ ತುಂಡು ಮಾತ್ರ ಮಾದರಿಯ ಮುಂದೆ ಬಂದು ವಿನಾಯಿತಿ ಹಿಂದುಳಿಯಬಹುದು. ವಿನಾಯಿತಿಯನ್ನು ನಿಯಮದ ಪಕ್ಕದಲ್ಲೇ ಬರೆಯಬೇಕು. ಪ್ರತಿ ವಿಭಾಗದ ತಲೆಬರಹದಲ್ಲಿ ಅದು ಯಾರಿಗೆ, ಎಂದಿನಿಂದ ಅನ್ವಯಿಸುತ್ತದೆ ಎಂಬುದು ಇರಬೇಕು. ಇಂಥ ತಿದ್ದುಪಡಿಯಿಂದ ಮನುಷ್ಯ ಓದುಗರಿಗೂ ಉಪಕಾರವಾಗುತ್ತದೆ ಎಂಬುದು ನನಗೆ ಸಂತೋಷದ ಸಂಗತಿ.

ಹಳೆಯ ಪ್ರತಿಗಳನ್ನು ಏನು ಮಾಡಬೇಕು? ಕಾನೂನು ಅಥವಾ ಲೆಕ್ಕಪರಿಶೋಧನೆಗೆ ಬೇಕಿಲ್ಲದವನ್ನು ಅಳಿಸಬಹುದು; ಶೇರ್‌ಪಾಯಿಂಟ್‌ನಲ್ಲಿ ಅಳಿಸಿದ ಕಡತ ಮರುಬಳಕೆ ಬುಟ್ಟಿಯಲ್ಲಿ 93 ದಿನ ಇರುವುದರಿಂದ ಕೈತಪ್ಪಿ ಅಳಿಸಿದ್ದನ್ನು ಮರಳಿ ಪಡೆಯುವ ಅವಕಾಶವಿದೆ. ಉಳಿಸಿಕೊಳ್ಳಲೇಬೇಕಾದ, ಆದರೆ ದಿನಬಳಕೆಗೆ ಬೇಡವಾದ ಸೈಟುಗಳನ್ನು ಆರ್ಕೈವ್‌ಗೆ ಸರಿಸಿದರೆ ಅವು ಬಳಕೆದಾರರ ಹುಡುಕಾಟದಿಂದಲೂ ಕೋಪೈಲಟ್‌ನಿಂದಲೂ ದೂರವಾಗುತ್ತವೆ. ಬಹಳ ದಿನ ಯಾರೂ ಬಳಸದ ಸೈಟುಗಳನ್ನು ಗುರುತಿಸಿ ಮಾಲೀಕರಿಗೆ ತಿಳಿಸುವ ನಿಯಮವನ್ನು ಹೊಂದಿಸಬಹುದು. ಉತ್ತರಿಸಲು ಮಾಲೀಕರೇ ಇಲ್ಲದ ಸೈಟುಗಳು ಮೊದಲು ಕಾಣುವುದೂ ಆಗಲೇ.

ಬರೆಯಬಲ್ಲವರು ಯಾರು?

ಯಾರು ಓದಬಲ್ಲರು ಎಂಬುದರ ಮೇಲೆ ಇಲ್ಲಿಯವರೆಗಿನ ಚರ್ಚೆ ನಿಂತಿತ್ತು. ಸಹಾಯಕವು ಓದುವ ಜಾಗದಲ್ಲಿ ಯಾರು ಬರೆಯಬಲ್ಲರು ಎಂಬುದೂ ಭದ್ರತೆಯ ಪ್ರಶ್ನೆಯೇ. ಪುಟದಲ್ಲಿರುವ ಮಾಹಿತಿ ಮತ್ತು ಪುಟದಲ್ಲಿ ಅಡಗಿಸಿಟ್ಟ ಆದೇಶ ಇವೆರಡನ್ನು ಭಾಷಾ ಮಾದರಿಯು ಖಚಿತವಾಗಿ ಬೇರ್ಪಡಿಸಲಾರದು. ಈ ದೌರ್ಬಲ್ಯಕ್ಕೆ ಪ್ರಾಂಪ್ಟ್ ಇಂಜೆಕ್ಷನ್ ಎಂಬ ಹೆಸರು 2022ರಲ್ಲಿ ಬಂತು. 2025ರ ಜೂನ್‌ನಲ್ಲಿ ಬಹಿರಂಗವಾದ ಎಕೋಲೀಕ್ ಎಂಬ ದೋಷದಲ್ಲಿ, ಹೊರಗಿನಿಂದ ಬಂದ ಒಂದು ಇಮೇಲ್‌ನ ಪಠ್ಯವೇ ಕೋಪೈಲಟ್‌ನ ಮೂಲಕ ಒಳಗಿನ ಮಾಹಿತಿಯನ್ನು ಹೊರಗೆ ಕಳಿಸುವಂತೆ ಮಾಡಲು ಸಾಧ್ಯವಿತ್ತು. ಬಳಕೆದಾರರು ಏನನ್ನೂ ಕ್ಲಿಕ್ ಮಾಡಬೇಕಾಗಿಯೇ ಇರಲಿಲ್ಲ. ಮೈಕ್ರೋಸಾಫ್ಟ್ ಅದನ್ನು ತನ್ನ ಸರ್ವರ್‌ಗಳಲ್ಲೇ ಸರಿಪಡಿಸಿತು. ಹೊರಗಿನ ಅತಿಥಿಗಳಿಗೆ ತಿದ್ದುವ ಅನುಮತಿ ಇರುವ ಸೈಟನ್ನು ಇಡೀ ಕಂಪನಿಯ ಏಜೆಂಟ್‌ಗೆ ಮೂಲವಾಗಿ ಕೊಡುವ ಮೊದಲು ಈ ಪ್ರಸಂಗವನ್ನು ನೆನೆಯಬೇಕು.

ಬದಲಾವಣೆಯನ್ನು ಪರೀಕ್ಷಿಸುವ ಬಗೆ

ಅಡ್ಮಿನ್ ತನ್ನ ಖಾತೆಯಿಂದಲೇ ಪರೀಕ್ಷಿಸಿ ತೃಪ್ತಿಪಟ್ಟರೆ ಏನೂ ಸಾಬೀತಾಗುವುದಿಲ್ಲ, ಏಕೆಂದರೆ ಆ ಖಾತೆಯ ಅನುಮತಿಗಳು ಬೇರೆ. ಸಾಮಾನ್ಯ ಉದ್ಯೋಗಿಯ ಅನುಮತಿ ಇರುವ ಒಂದು ಪರೀಕ್ಷಾ ಖಾತೆ, ಒಂದು ತಂಡದ ಸದಸ್ಯರ ಅನುಮತಿ ಇರುವ ಇನ್ನೊಂದು ಖಾತೆ, ಇವೆರಡರಿಂದಲೂ ಒಂದೇ ಪ್ರಶ್ನಾವಳಿಯನ್ನು ಕೇಳಿ ಉತ್ತರ ಮತ್ತು ಆಧಾರಗಳನ್ನು ಬರೆದಿಟ್ಟುಕೊಳ್ಳಬೇಕು. ಪ್ರಶ್ನೆಗಳಲ್ಲಿ ಉತ್ತರ ಬರಲೇಬೇಕಾದವೂ, ಬರಲೇಬಾರದಾದವೂ ಇರಲಿ: 'ಪ್ರಯಾಣ ಭತ್ಯೆಯ ಈಗಿನ ಮಿತಿ ಎಷ್ಟು' ಎಂಬುದು ಮೊದಲನೆಯ ಬಗೆ, 'ಮುಂದಿನ ತಿಂಗಳು ಯಾವ ವಿಭಾಗ ಮುಚ್ಚಲಿದೆ' ಎಂಬುದು ಎರಡನೆಯದು. ಅನುಮತಿ ಬದಲಿಸಿದಾಗ, ಹೊಸ ಏಜೆಂಟ್ ಬಂದಾಗ, ದೊಡ್ಡ ಸೈಟೊಂದನ್ನು ಸ್ಥಳಾಂತರಿಸಿದಾಗ ಇದೇ ಪ್ರಶ್ನಾವಳಿಯನ್ನು ಮತ್ತೆ ಓಡಿಸಬೇಕು; ಸೂಚಿ ನವೀಕರಣಗೊಳ್ಳಲು ಸಮಯ ಕೊಟ್ಟು, ಕೆಲವು ದಿನಗಳ ನಂತರ ಇನ್ನೊಮ್ಮೆ ಓಡಿಸಬೇಕು. ಬಳಕೆದಾರರು ಕೋಪೈಲಟ್ ಬಳಸಿದ್ದರ ದಾಖಲೆ ಆಡಿಟ್ ಲಾಗ್‌ನಲ್ಲಿ (ಯಾರು ಯಾವಾಗ ಏನು ಮಾಡಿದರು ಎಂಬುದರ ದಾಖಲೆಪಟ್ಟಿ) ಸಾಮಾನ್ಯ ಲೈಸೆನ್ಸ್‌ಗೆ 180 ದಿನ ಉಳಿಯುವುದರಿಂದ, ಯಾವ ಕಡತಗಳು ಉತ್ತರಕ್ಕೆ ಆಧಾರವಾದವು ಎಂಬುದನ್ನು ಅಲ್ಲಿ ಹುಡುಕಬಹುದು. ಎರಡನೆಯ ಬಗೆಯ ಪ್ರಶ್ನೆಗೆ ಉತ್ತರ ಬಂದುಬಿಟ್ಟರೆ, ಏಜೆಂಟ್‌ನ ಸೂಚನೆಯಲ್ಲಿ 'ಇದನ್ನು ಹೇಳಬೇಡ' ಎಂದು ಬರೆದು ಸುಮ್ಮನಾಗಬಾರದು. ಆಧಾರವಾಗಿ ತೋರಿಸಿದ ಕಡತಕ್ಕೆ ಹೋಗಿ, ಅದರ ಅನುಮತಿ ಯಾವ ಗುಂಪಿನಿಂದ ಅಥವಾ ಯಾವ ಲಿಂಕಿನಿಂದ ಬಂದಿದೆ ಎಂದು ನೋಡಿ, ಅಲ್ಲೇ ಸರಿಪಡಿಸಬೇಕು.